ನೀಲಕ್ಕನ ಹೆಬ್ಬೆಟ್ಟು

"ಏ ಹೆಬ್ಬೆಟ್ಟು, ಕೈ ಒರೆಸ್ಕೊಂಡು ಇಡೇ! ಗಾಜೇನು ನಿಮ್ಮಪ್ಪಂದಾ?"

ಗಾಜು ತನ್ನ ಅಪ್ಪನದಲ್ಲವೆಂಬುದು ನೀಲಕ್ಕನಿಗೆ ತಿಳಿದಿತ್ತು. ಬ್ಯಾಂಕಿನ ಗುಮಾಸ್ತರು ಹೇಳಿದಂತೆ ಆಕೆ ಕೈಯನ್ನು ಬಟ್ಟೆಗೆ ಒರೆಸಿಕೊಂಡಳು. ಒರೆಸಿದರೆ ಹೋಗುವ ಬಣ್ಣವಲ್ಲ ಅದು. ಬಣ್ಣದ ಕಾರ್ಖಾನೆಯ ನೀಲಿ ತೊಟ್ಟಿಯಲ್ಲಿ ನೂಲು ಅದ್ದಿ ಅದ್ದಿ ಆಕೆಯ ಎರಡು ಕೈಗಳೂ ಮೊಣಕೈಯವರೆಗೆ ನೀಲಿಗಟ್ಟಿದ್ದವು. ಹೆಸರು ಬಂದದ್ದೂ ಅಲ್ಲಿಂದಲೇ. ಹೆತ್ತವರು ಇಟ್ಟ ಹೆಸರನ್ನು ಯಾರಾದರೂ ಕೇಳಿದರೆ, ಆಕೆ ಸ್ವಲ್ಪ ಯೋಚಿಸಿ ಹೇಳಬೇಕಾಗಿತ್ತು.

ನೀಲಕ್ಕ ಹೆಬ್ಬೆರಳನ್ನು ಬೆರಳಚ್ಚು ಯಂತ್ರದ ಗಾಜಿನ ಮೇಲೆ ಒತ್ತಿದಳು. ಯಂತ್ರದಲ್ಲಿ ಕೆಂಪು ದೀಪ ಹತ್ತಿತು.

"ಗುರುತು ಹೊಂದಿಕೆಯಾಗಲಿಲ್ಲ. ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ."

ಯಂತ್ರದೊಳಗಿನದು ಮರ್ಯಾದಸ್ಥ ಹೆಂಗಸಿನ ದನಿ. ಆ ಬ್ಯಾಂಕಿನಲ್ಲಿ ನಮ್ಮನ್ನು ಬಹುವಚನದಲ್ಲಿ ಮಾತನಾಡಿಸುತ್ತಿದ್ದುದು ಅದೊಂದೇ.

ನಾವು ಆಕೆಯ ಹಿಂದೆ ಸಾಲಿನಲ್ಲಿ ನಿಂತಿದ್ದೆವು. ಕಾರ್ಖಾನೆಯವರು ಐದಾರು ಜನ, ನಮ್ಮ ನಡುವೆ ಇಸ್ತ್ರಿ ಮಾಡಿದ ಅಂಗಿಯ ಒಬ್ಬ ಯಜಮಾನರು. ಅವರು ನಮ್ಮ ಬಟ್ಟೆಗೂ ತಮ್ಮ ಅಂಗಿಗೂ ನಡುವೆ ಒಂದು ಗೇಣು ಅಂತರವನ್ನು ಬಹಳ ಶ್ರದ್ಧೆಯಿಂದ ಕಾಯ್ದುಕೊಂಡಿದ್ದರು.

ನಮ್ಮ ಬೆರಳುಗಳಲ್ಲಿ ಗೆರೆಗಳಿರಲಿಲ್ಲ. ತೊಟ್ಟಿಯ ನೀರಿನಲ್ಲಿ ಬೆರೆಸುವ ಕ್ಷಾರ ಮೊದಲು ಉಗುರನ್ನು ತಿನ್ನುತ್ತದೆ, ಆಮೇಲೆ ಗೆರೆಯನ್ನು. "ಹಣೆಬರಹ ಅಳಿಸೋಕಾಗಲ್ಲ ಅಂತಾರೆ. ಬೆರಳಬರಹ ನೋಡ್ರಪ್ಪ, ಎಷ್ಟು ಚಂದ ಅಳಿಸ್ತು!" ಎಂದು ನಮ್ಮ ಕೊಕ್ಕರೆ ನಗುತ್ತಿದ್ದ. ಕೊಕ್ಕರೆ ಎಂಬುದು ನೂಲು ಹಿಂಡುವವನಿಗೆ ನಾವಿಟ್ಟ ಹೆಸರು. ಆಳು ಉದ್ದ, ಕಾಲು ಸಣ್ಣ, ನಾಲಿಗೆ ಎರಡಕ್ಕಿಂತಲೂ ಉದ್ದ.

ಹಿಂದೆ ಕೂಲಿ ನಮ್ಮ ಕೈಗೆ ಬರುತ್ತಿತ್ತು. ಒಂದು ದಿನ ಮಾಲೀಕರು, ಇನ್ನು ಮುಂದೆ ಕೂಲಿ ಬ್ಯಾಂಕಿಗೆ ಹೋಗುತ್ತದೆ, ಅಲ್ಲಿ ಭದ್ರ, ಎಂದರು. ಇದೇ ಗುಮಾಸ್ತರು ಈ ಯಂತ್ರವನ್ನು ಚೀಲದಲ್ಲಿಟ್ಟುಕೊಂಡು ಕಾರ್ಖಾನೆಯ ಗೇಟಿಗೆ ಬಂದರು. ಯಾರ ಬೆರಳೂ ಯಂತ್ರಕ್ಕೆ ಹಿಡಿಸಲಿಲ್ಲ. "ಹೋಗಿ, ಸೋಪು ಹಚ್ಚಿ ತೊಳ್ಕೊಂಡು ಬನ್ನಿ," ಎಂದರು. ತೊಳೆದು ಬರುವಷ್ಟರಲ್ಲಿ ಎಲ್ಲರ ಖಾತೆಯೂ ತೆರೆದಿತ್ತು. ಇಷ್ಟು ಚುರುಕಾದ ಮನುಷ್ಯನನ್ನು ನೋಡಿಯೇ ಇಲ್ಲ ಎಂದು ನಾವು ಹೊಗಳಿದೆವು.

ಆಮೇಲೆ ಪ್ರತಿ ಸಲವೂ ಒಂದೇ ಕಥೆ. ಯಂತ್ರ ನಮ್ಮನ್ನು ಒಲ್ಲೆ ಎನ್ನುತ್ತಿತ್ತು. ಗುಮಾಸ್ತರು ಬೈಯುತ್ತಿದ್ದರು, ಬೈದು ಕರಗುತ್ತಿದ್ದರು, "ತಡಿ, ಒಳಗಿಂದ ಮಾಡಿಸ್ಕೊಡ್ತೀನಿ," ಎಂದು ಯಂತ್ರವನ್ನು ಎತ್ತಿಕೊಂಡು ಹಿಂದಿನ ಕೋಣೆಗೆ ಹೋಗಿ ಹಣ ತರುತ್ತಿದ್ದರು. ಆ ಉಪಕಾರಕ್ಕೆ ನೂರಕ್ಕೆ ಹತ್ತು. ನಮ್ಮ ದುಡ್ಡನ್ನು ನಮಗೇ ಮಾರಿದವರನ್ನು ನಾವು ಪುಣ್ಯಾತ್ಮ ಎಂದು ಕರೆಯುತ್ತಿದ್ದೆವು.

ಈ ಸಲ ನೀಲಕ್ಕ ಚಿಲ್ಲರೆಗೆ ಬಂದಿರಲಿಲ್ಲ.

"ಎಂಟು ಸಾವಿರ ಬೇಕು ಸಾರ್. ಒಂದೇ ಸಲಕ್ಕೆ."

"ಎಂಟು ಸಾವಿರಾನಾ? ಏನು, ಮಿಲ್ಲು ತಗೋತೀಯಾ?"

"ಹೊಲಿಗೆ ಮಿಷನ್ನು. ಮಗಳಿಗೆ."

ಹೊಲಿಗೆ ಯಂತ್ರ ಬ್ಯಾಂಕಿನ ಬಾಗಿಲಿನಲ್ಲೇ ಇತ್ತು. ಕಸುಬು ಬಿಟ್ಟು ಅಂಗಡಿ ಮುಚ್ಚುತ್ತಿದ್ದ ದರ್ಜಿ ಅದನ್ನು ತಳ್ಳುಗಾಡಿಯ ಮೇಲೆ ಹೇರಿಕೊಂಡು ಬಂದು, ದುಡ್ಡು ಸಿಕ್ಕರೆ ನೀಲಕ್ಕನ ಮನೆಗೆ, ಸಿಗದಿದ್ದರೆ ಇನ್ನೊಬ್ಬ ಗಿರಾಕಿಯ ಮನೆಗೆ ಎಂದು ಕಾಯುತ್ತಿದ್ದ. ಮಗಳು ಗಂಡನ ಮನೆ ಬಿಟ್ಟು ಬಂದಿದ್ದಳು. ಹೊಲಿಗೆ ಬಲ್ಲವಳು. ಆದರೆ ಹೊಲಿಯಲು ಯಂತ್ರವಿಲ್ಲದ ಕಾರಣ, ಅಂದಿನ ಮಧ್ಯಾಹ್ನದ ಪಾಳಿಯಿಂದ ಅವಳನ್ನು ತೊಟ್ಟಿಗೆ ಇಳಿಸುವುದೆಂದು ಮೇಸ್ತ್ರಿ ಹೆಸರು ಬರೆದುಕೊಂಡಾಗಿತ್ತು. ಅವಳ ಬೆರಳುಗಳಲ್ಲಿ ಗೆರೆಗಳು ಇನ್ನೂ ಇದ್ದವು. ನೀಲಕ್ಕ ಹಿಂದಿನ ಸಂಜೆ ಆ ಕೈಯನ್ನು ದೀಪಕ್ಕೆ ಹಿಡಿದು ನೋಡಿ, "ಇದನ್ನ ಆ ಸುಡುನೀರಿಗೆ ಹಾಕಿದ್ರೆ ನಾನು ಅವಳಮ್ಮನೇ ಅಲ್ಲ," ಎಂದಿದ್ದಳು.

"ಇವತ್ತಾಗಲ್ಲ. ಮುಂದಿನ ತಿಂಗಳು ಬಾ."

"ಒಳಗಿಂದ ಮಾಡಿಸಿ ಸಾರ್. ನಿಮ್ಮ ಪಾಲು ನೀವು ಹಿಡ್ಕೊಳ್ಳಿ, ಬೇಡ ಅಂದೋರ್ಯಾರು?"

"ಮೆಲ್ಲಗೆ ಮಾತಾಡೇ, ದರಿದ್ರದೋಳೆ!" ಗುಮಾಸ್ತರು ಮೇನೇಜರರ ಕೋಣೆಯ ಕಡೆ ನೋಡಿದರು. "ನಿನ್ನ ಬೆರಳೇ ಸರಿ ಇಲ್ಲ. ನೀನು ನೀನೇ ಅಂತ ನಾನು ಹೆಂಗೆ ನಂಬ್ಲಿ? ಬ್ಯಾಂಕು ನಡೆಯೋದೇ ನಂಬಿಕೆ ಮೇಲೆ. ನಡಿ, ನಡಿ."

ಅವರ ತಲೆಯ ಮೇಲೆ ಗೋಡೆಯಲ್ಲಿ ದೊಡ್ಡ ಅಕ್ಷರಗಳ ಫಲಕವಿತ್ತು: ನಿಮ್ಮ ನಂಬಿಕೆಯೇ ನಮ್ಮ ಬಂಡವಾಳ.

ನೀಲಕ್ಕ ಕದಲಲಿಲ್ಲ. ಯಜಮಾನರು ಗಂಟಲು ಸರಿಪಡಿಸಿಕೊಂಡರು.

"ಗಾಜು ಸ್ವಲ್ಪ ಕ್ಲೀನ್ ಮಾಡ್ಸಿ ಸರ್. ನಾನೂ ಅದರ ಮೇಲೇ ಬೆರಳಿಡ್ಬೇಕಲ್ಲ."

ಗಾಜಿನ ಮೇಲೆ ನೀಲಕ್ಕನ ಬೆವರಿನ ನೀಲಿ ಗುರುತು ಉಳಿದಿತ್ತು. ಗುಮಾಸ್ತರ ಮುಖ ಹುಳಿ ತಿಂದಂತಾಯಿತು. ಬಟ್ಟೆ ಹುಡುಕಿದರು, ಸಿಗಲಿಲ್ಲ. "ಥೂ, ಹೇಸಿಗೆ," ಎನ್ನುತ್ತ ತಮ್ಮ ಹೆಬ್ಬೆರಳನ್ನೇ ಇಟ್ಟು, ಆ ಕಲೆಯನ್ನು ಒತ್ತಿ ಉಜ್ಜಿದರು. ಪರದೆಯ ಮೇಲೆ ನೀಲಕ್ಕನ ಖಾತೆ ಇನ್ನೂ ತೆರೆದೇ ಇತ್ತು. ಅದನ್ನು ಮುಚ್ಚಲು ಅವರಿಗೆ ನೆನಪಾಗಿರಲಿಲ್ಲ. ಹೇಸಿಗೆಯ ಮುಂದೆ ಬೇರೇನೂ ನೆನಪಾಗುವುದಿಲ್ಲ.

ಯಂತ್ರದಲ್ಲಿ ಹಸಿರು ದೀಪ ಹತ್ತಿತು.

"ಗುರುತು ಹೊಂದಿಕೆಯಾಗಿದೆ. ತಮಗೆ ಸ್ವಾಗತ," ಎಂದು ಆ ದನಿ ನೀಲಕ್ಕನ ಹೆತ್ತವರು ಇಟ್ಟ ಹೆಸರನ್ನು, ಅವಳ ಅಪ್ಪನ ಹೆಸರಿನ ಸಮೇತ, ಸ್ಪಷ್ಟವಾಗಿ ಹೇಳಿತು. "ನಿಮ್ಮ ಖಾತೆಯಲ್ಲಿ ಉಳಿದಿರುವ ಹಣ ನಾನೂರು."

ನಾವು ಸೋಪು ಹಚ್ಚಿ ತೊಳೆಯುತ್ತಿದ್ದಾಗ ಖಾತೆ ತೆರೆದ ಬೆರಳು ಯಾರದೆಂದು ನಮಗೆ ಹೊಳೆದದ್ದು ಆಗ. ಮೊದಲು ಬಾಯಿಬಿಟ್ಟವನು ಕೊಕ್ಕರೆ.

"ಅಕ್ಕಾ! ನೀನು ಅಂದ್ರೆ ಇವರೇ ಅಂತೆ!"

"ಹಂಗಾದ್ರೆ ಇಲ್ಲಿ ನಿಂತಿರೋಳು ಯಾರೋ?" ಎಂದಳು ನೀಲಕ್ಕ. ಆಕೆಗೆ ನಗು ಬಂದಿರಲಿಲ್ಲ. "ನಾನೂರಾ? ಹತ್ತು ಸಾವಿರ ಇರ್ಬೇಕು ಅದ್ರಲ್ಲಿ. ಲೋ ಬೋಳಿಮಗನೇ, ನನ್ನ ಹೆಸರಲ್ಲಿ ಎಷ್ಟು ದಿನದಿಂದ ಉಣ್ತಿದ್ದೀಯೋ?"

ಗುಮಾಸ್ತ ಹೆಬ್ಬೆರಳನ್ನು ಮಡಿಸಿ ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡ, ಕದ್ದ ಗೋಲಿಯನ್ನು ಮಕ್ಕಳು ಬಚ್ಚಿಡುವಂತೆ. ಆ ಕ್ಷಣದಿಂದ ನಮಗೂ ಆತ ಏಕವಚನಕ್ಕೆ ಇಳಿದ.

ಗದ್ದಲ ಕೇಳಿ ಮೇನೇಜರು ಹೊರಗೆ ಬಂದರು. ಯಂತ್ರವನ್ನು ನೋಡಿದರು, ಗುಮಾಸ್ತನ ಮುಷ್ಟಿಯನ್ನು ನೋಡಿದರು, ಕೊನೆಗೆ ನಮ್ಮನ್ನು ನೋಡಿ ಗದರಿದರು.

"ಏನಿದು ಸಂತೆ? ತಾಂತ್ರಿಕ ದೋಷ ಇರುತ್ತೆ. ಮಿಷನ್ನು ಅಂದ್ಮೇಲೆ ತಪ್ಪುತ್ತೆ."

"ಸರಿ ಸಾರ್, ತಪ್ಪಲಿ," ಎಂದ ಕೊಕ್ಕರೆ. "ನನ್ನ ಖಾತೆ ತೆಗೀರಿ. ಅವ್ನ ಬೆರಳು ಇನ್ನೊಂದ್ಸಲ ಇಡಿಸ್ರಿ. ನಾನೂ ಅವ್ನೇನಾ ಅಂತ ಗೊತ್ತಾಗ್ಲಿ. ಮನೇಲಿ ಹೆಂಡ್ತಿಗೆ ಹೇಳ್ಬೇಕು."

ಸಾಲಿನಲ್ಲಿ ನಗು ಸಿಡಿಯಿತು. ಯಜಮಾನರು ಮಾತ್ರ ನಗಲಿಲ್ಲ. ಗೇಣು ಅಂತರವನ್ನು ಮರೆತು, ನಮ್ಮ ಭುಜಗಳ ನಡುವೆ ನುಗ್ಗಿ ಮುಂದೆ ಬಂದಿದ್ದರು.

"ನಂದೂ ಒಂದ್ಸಲ ನೋಡ್ಬಿಡಿ ಸರ್. ಏನಿಲ್ಲ, ಸುಮ್ನೆ."

"ಯಾರ್ದೂ ನೋಡೋದಿಲ್ಲ!" ಎಂದರು ಮೇನೇಜರು.

"ಬೇಡ ಬಿಡಿ," ಎಂದಳು ನೀಲಕ್ಕ. "ನನ್ನ ದುಡ್ಡು ಕೊಟ್ಬಿಡಿ. ಗಾಡಿಯವನು ಕಾಯ್ತಿದಾನೆ."

"ನಿನ್ನ ಗುರುತು ಆಗದೆ ಹಣ ಕೊಡೋಕೆ ನಿಯಮದಲ್ಲಿ ಬರಲ್ಲಮ್ಮ."

"ಗುರುತು ಆಯ್ತಲ್ಲ, ಹಸಿರು ದೀಪ?"

"ಅದು ಅವರ ಬೆರಳು."

"ಹಂಗಾದ್ರೆ ಒಳಗಡೆ ಕೋಣೇಲಿ ಅವ್ರ ಬೆರಳು ನನ್ನ ಬೆರಳು. ಹೊರಗಡೆ ನಿಮ್ಮ ಮುಂದೆ ಅವ್ರ ಬೆರಳು ಅವ್ರ ಬೆರಳು. ಅಷ್ಟೇ ತಾನೇ ನಿಯಮ?"

ಮೇನೇಜರು ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡರು. ದನಿ ತಗ್ಗಿತು. "ನೋಡಮ್ಮ, ಬ್ಯಾಂಕಿನ ಮೇಲೆ ನಂಬಿಕೆ ಇಡು. ಒಂದು ದೂರು ಕೊಡು. ವಿಚಾರಣೆ ಆಗುತ್ತೆ, ಎರಡು ಮೂರು ತಿಂಗಳು ಹಿಡಿಯುತ್ತೆ. ನಾವೇ ಬರ್ಕೊಳ್ತೀವಿ, ನೀನು ಕೆಳಗೆ ಹೆಬ್ಬೆಟ್ಟು ಒತ್ತಿದ್ರೆ ಸಾಕು."

"ಯಾರ ಹೆಬ್ಬೆಟ್ಟು?"

ಮೇನೇಜರು ದೂರು ಬರೆಯಲು ತೆಗೆದ ಪೆನ್ನನ್ನು ಮತ್ತೆ ಜೇಬಿಗೆ ಸಿಕ್ಕಿಸಿಕೊಂಡರು. ಕೊಕ್ಕರೆ ಗೋಡೆಯ ಫಲಕವನ್ನು ಕತ್ತೆತ್ತಿ ನೋಡಿ, "ಬಂಡವಾಳ ಬಯಲಾಯ್ತು ಕಣ್ರೋ," ಎಂದ.

ಹೊರಗಿನಿಂದ ದರ್ಜಿಯ ಕೂಗು ಕೇಳಿಸಿತು. "ಅಕ್ಕಾ, ಆಗುತ್ತೋ ಇಲ್ವೋ ಹೇಳು. ಬಿಸಿಲಿಗೆ ಮಿಷನ್ನೂ ಕಾಯ್ತಿದೆ, ನಾನೂ ಕಾಯ್ತಿದೀನಿ!"

ಅದರ ಹಿಂದೆಯೇ ಮಧ್ಯಾಹ್ನದ ಪಾಳಿಯ ಮೊದಲ ಸೈರನ್ ಕೂಗಿತು. ಎರಡನೆಯದಕ್ಕೆ ಗೇಟು ಮುಚ್ಚುತ್ತದೆ. ಅಷ್ಟರೊಳಗೆ ಮಗಳು ತೊಟ್ಟಿಯ ಬಳಿ ನಿಂತಿರಬೇಕು.

ನೀಲಕ್ಕ ಕೌಂಟರಿನ ಕಿಂಡಿಯಲ್ಲಿ ಕೈ ಹಾಕಿ ಗುಮಾಸ್ತನ ಮಣಿಕಟ್ಟನ್ನು ಹಿಡಿದಳು. ಹಸಿ ನೂಲಿನ ಭಾರ ಎತ್ತಿ ಎತ್ತಿ ಪಳಗಿದ ಕೈ ಅದು. ಮುಷ್ಟಿ ತಾನಾಗಿಯೇ ಬಿಚ್ಚಿಕೊಂಡಿತು. ಆಕೆ ಹೆಬ್ಬೆರಳೊಂದನ್ನು ಮಾತ್ರ ಹಿಡಿದು, ಉಳಿದ ನಾಲ್ಕನ್ನೂ ಬಿಟ್ಟಳು.

"ಬಿಡೇ! ಪೊಲೀಸ್ ಕರೀತೀನಿ!"

"ಕರಿ. ಈ ಬೆರಳು ನಂದು. ನಿಮ್ಮ ಮಿಷನ್ನೇ ಊರೆಲ್ಲಾ ಕೇಳೋ ಹಂಗೆ ಹೇಳಿದೆ, ನಮ್ಮಪ್ಪನ ಹೆಸರನ್ನೂ ಸೇರಿಸಿ. ನನ್ನ ಬೆರಳನ್ನ ನಾನು ಕರ್ಕೊಂಡು ಹೋಗ್ತೀನಿ. ಜೊತೇಲಿ ನೀನು ಬರೋದೂ ಬಿಡೋದೂ ನಿನ್ನಿಷ್ಟ."

ಆತ ಬರಬೇಕಾಯಿತು. ಕೌಂಟರಿನ ಉದ್ದಕ್ಕೂ ಒಳಗಿನಿಂದ ಆತ, ಹೊರಗಿನಿಂದ ಆಕೆ, ಒಂದೊಂದು ಕಿಂಡಿಗೂ ಕೈ ಬದಲಿಸುತ್ತ, ಬಾಗಿಲ ತನಕ ನಡೆದರು. ತಡೆಯಬೇಕಾಗಿದ್ದ ಕಾವಲುಗಾರ ತನ್ನ ಹೆಬ್ಬೆರಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತ ನಿಂತಿದ್ದ. ಅವನ ಸಂಬಳವೂ ಅಲ್ಲಿಯೇ ಜಮೆಯಾಗುತ್ತಿತ್ತು.

"ದುಡ್ಡು ಸಿಕ್ತಾ?" ಎಂದು ಕೇಳಿದ ದರ್ಜಿ.

"ಇದ್ರಲ್ಲಿದೆ," ಎಂದು ನೀಲಕ್ಕ ಹೆಬ್ಬೆರಳನ್ನು ಎತ್ತಿ ತೋರಿಸಿದಳು. "ಗಾಡಿ ಹಿಂದೆ ತಗೊಂಡು ಬಾ ಅಣ್ಣ."

"ಎಲ್ಲಿಗೆ?"

"ಪಾಳಿಗೆ ಹೊತ್ತಾಯ್ತು. ನಮ್ಮನೆಯಿಂದ ಇವತ್ತು ತೊಟ್ಟಿಗೆ ಹೊಸಾ ಬೆರಳು ಇಳಿಸ್ತೀವಿ ಅಂತ ಮೇಸ್ತ್ರಿಗೆ ಮಾತು ಕೊಟ್ಟಿದೀನಿ. ಇದೂ ನಂದೇ ತಾನೇ? ಇದೇ ಇಳೀಲಿ."

ಗುಮಾಸ್ತ ಮೊದಲು ನಕ್ಕ. ಬೀದಿಯ ತಿರುವಿನಲ್ಲಿ ಕ್ಷಾರದ ವಾಸನೆ ಮೂಗಿಗೆ ಹೊಡೆದಾಗ ನಗು ನಿಂತಿತು. "ಅಮ್ಮಾ," ಎಂದ. "ಬಿಡೀಮ್ಮ." ಬಹುವಚನ ಆತನಿಗೂ ಬರುತ್ತಿತ್ತೆಂದು ನಮಗೆ ತಿಳಿದದ್ದು ಆಗಲೇ.

ಮುಂದೆ ನೀಲಕ್ಕ ಮತ್ತು ಆಕೆಯ ಹೆಬ್ಬೆಟ್ಟು. ಹಿಂದೆ ಕಿರುಗುಟ್ಟುವ ಗಾಡಿಯ ಮೇಲೆ ಹೊಲಿಗೆ ಯಂತ್ರ. ಅದರ ಹಿಂದೆ ನಾವು, ನಮ್ಮ ಹಿಂದೆ ಇಸ್ತ್ರಿ ಅಂಗಿಯ ಯಜಮಾನರು. ಕಾರ್ಖಾನೆಯ ಗೇಟು ತೆರೆದಿತ್ತು. ತೊಟ್ಟಿಯ ಬಳಿ ತೋಳು ಮಡಚಿ ನಿಂತಿದ್ದ ಮಗಳನ್ನು ನೀಲಕ್ಕ ಮೊಣಕೈಯಿಂದ ಪಕ್ಕಕ್ಕೆ ಸರಿಸಿ, ಆ ಜಾಗದಲ್ಲಿ ಗುಮಾಸ್ತನ ಹೆಬ್ಬೆರಳನ್ನು ನೀರಿನ ಮೇಲೆ ಹಿಡಿದಳು.

ಎರಡನೆಯ ಸೈರನ್ ಕೂಗಿತು. ನೀಲಿ ನೀರಿನಿಂದ ಹಬೆ ಏಳುತ್ತಿತ್ತು.