ಮೂರು ಸಲ ಜಗ್ಗಿಸಿಕೊಂಡ ಬೀಗ

ನಾನು ಒಂದು ಹಿತ್ತಾಳೆಯ ಬೀಗ. ನನ್ನ ಹೊಟ್ಟೆಯೊಳಗೆ ಏಳು ಲಿವರುಗಳಿವೆ ಎಂದು ಮೈಮೇಲೆ ಕೆತ್ತಿದ್ದಾರೆ. ಕೀಲಿಕೈ ಎತ್ತುವ ಆ ಸಣ್ಣ ಪಟ್ಟಿಗಳು ನಿಜಕ್ಕೂ ಇರುವುದು ಆರು. ಹುಟ್ಟಿದ ದಿನವೇ ಮೋಸ ಎಂದರೇನು ಅಂತ ತಿಳಿದುಕೊಂಡವನು ನಾನು. ಹಾಗಾಗಿ ಯಾರನ್ನೂ ಸುಲಭವಾಗಿ ನಂಬುವುದಿಲ್ಲ. ನೀವು ಇದನ್ನು ಯಾಕೆ ಓದುತ್ತಿದ್ದೀರಿ ಎಂಬುದರ ಮೇಲೂ ನನಗೆ ಸಣ್ಣದೊಂದು ಅನುಮಾನವಿದೆ.

ತಮಿಳುನಾಡಿನ ಯಾವುದೋ ಗಲ್ಲಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ನನ್ನನ್ನು ಅರದಿಂದ ಉಜ್ಜಿ ಉಜ್ಜಿ ಹೊಳಪು ಮಾಡಿದರು. ನನ್ನ ಜೊತೆ ಎರಡು ಕೀಲಿಕೈ ಹುಟ್ಟಿದವು. ಒಂದು ಬೇಗನೆ ಕಳೆದುಹೋಯಿತು. ಉಳಿದ ಕೀಲಿಕೈಯನ್ನು ನಾನು ತಮ್ಮ ಎನ್ನುತ್ತೇನೆ, ಅವನು ಮಹಾ ವಾಚಾಳಿ. ಊರೆಲ್ಲ ಸುತ್ತಿ ಬಂದು ನನ್ನ ಹೊಟ್ಟೆಗೆ ಇಳಿಯುತ್ತಿದ್ದಂತೆ ಹೊರಗಿನ ಸುದ್ದಿಯನ್ನೆಲ್ಲ ಒಪ್ಪಿಸಿಬಿಡುತ್ತಾನೆ. ಬಾಗಿಲಲ್ಲಿ ನೇತಾಡುವ ಈ ಬೀಗಕ್ಕೆ ಎಲ್ಲೆಲ್ಲಿಯದೋ ಸಂಗತಿ ಹೇಗೆ ಗೊತ್ತಾಯಿತು ಎಂದು ನಿಮಗೆ ಅನಿಸಿದರೆ, ಅದು ಅವನು ತಂದದ್ದೆಂದು ತಿಳಿಯಿರಿ.

ನನ್ನನ್ನು ಮೊದಲು ಕೊಂಡವರು ನಂಜನಗೂಡಿನ ಜವಳಿ ಅಂಗಡಿಯ ಅಣ್ಣತಮ್ಮಂದಿರು. ಸಂಜೆ ಅಣ್ಣ ಬೀಗ ಹಾಕುತ್ತಿದ್ದ, ತಮ್ಮ ಜಗ್ಗಿ ನೋಡುತ್ತಿದ್ದ. ಆ ಇನ್ನೊಂದು ಕೀಲಿಕೈ ಕಳೆದದ್ದೇ ಕಳೆದದ್ದು, ಅದು ನಿನ್ನ ಹತ್ತಿರವೇ ಇದೆ ಎಂದು ಇಬ್ಬರೂ ಕಿತ್ತಾಡಿ ಪಾಲಾದರು. ಬಟ್ಟೆಯ ಬೇಲುಗಳಿಗೆ ಮುಗಿಬಿದ್ದವರು ನನ್ನನ್ನು ಮಾತ್ರ ಬೇಡವೆಂದರು. ಅಂಗಡಿಯ ಗುಮಾಸ್ತ ಶಿವಮಲ್ಲಪ್ಪ ನನ್ನನ್ನು ಮನೆಗೆ ಒಯ್ದು ಹೆಂಡತಿಯ ಕೈಗಿಟ್ಟ. ಆಕೆಯೇ ಸರ್ವಮಂಗಳಮ್ಮ.

ಸರ್ವಮಂಗಳಮ್ಮನನ್ನು ನಾನು ಮನಸಾರೆ ಪ್ರೀತಿಸಿದೆ ಎಂದು ಇಲ್ಲೇ ಹೇಳಿಬಿಡುತ್ತೇನೆ. ಹಾಲಿನವನ ನೀರಿನ ಮೇಲೆ, ತರಕಾರಿಯವಳ ತಕ್ಕಡಿಯ ಮೇಲೆ, ಕಂಡಕ್ಟರ್ ಕೊಡುವ ಚಿಲ್ಲರೆಯ ಮೇಲೆ, ಎಲ್ಲದರ ಮೇಲೂ ಆಕೆಗೆ ಒಂದು ಕಣ್ಣು. ನನ್ನನ್ನು ಹಾಕಿದ ಮೇಲೆ ಮೂರು ಸಲ ಜಗ್ಗಿ ನೋಡುತ್ತಿದ್ದಳು. ಮೊದಲನೆಯದು ಕಳ್ಳನಿಗಾಗಿ, ಎರಡನೆಯದು ನನಗಾಗಿ, ಮೂರನೆಯದು ತನ್ನ ಕೈಗಾಗಿ. ಬಳಿಕ ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಎರಡು ಹೆಜ್ಜೆ ಹೋಗಿ, ಹಿಂದಿರುಗಿ ಒಮ್ಮೆ ನೋಡುತ್ತಿದ್ದಳು. ನನಗೆ ಸರಿಯಾದ ಜೋಡಿ.

ಶಿವಮಲ್ಲಪ್ಪ ತೀರಿಕೊಂಡ ಮೇಲೆ ಮಗ ಪ್ರಸಾದನಿಗೆ ಮದುವೆಯಾಯಿತು. ಸೊಸೆ ಶಶಿರೇಖಾ ನಗುನಗುತ್ತ ಮಾತಾಡುವವಳು. ನಗುವವರ ಮೇಲೆ ಸರ್ವಮಂಗಳಮ್ಮನಿಗೆ ಮೊದಲಿಂದಲೂ ಗುಮಾನಿ. ಇವಳು ಯಾಕೆ ನಗುತ್ತಾಳೆ, ಯಾರನ್ನು ನೋಡಿ ನಗುತ್ತಾಳೆ ಎಂದು ಅಡುಗೆಮನೆಯಲ್ಲಿ ಒಬ್ಬಳೇ ಗೊಣಗುತ್ತಿದ್ದಳು. ನಾನೂ ಹೌದೌದು ಎಂದುಕೊಳ್ಳುತ್ತಿದ್ದೆ.

ಆ ದಸರಾ ರಜೆಗೆ ಶಶಿರೇಖಾ ಒಂದು ಆಸೆ ಹೊರಗೆ ಹಾಕಿದಳು. ನಮ್ಮ ಬೀದಿಯ ಐದಾರು ಮನೆಯವರು ಸೇರಿ ಬಾದಾಮಿ, ಪಟ್ಟದಕಲ್ಲು, ಐಹೊಳೆ, ವಿಜಯಪುರ ನೋಡಿಕೊಂಡು ಬಂದರೆ ಹೇಗೆ? ರೈಲಿನಲ್ಲಿ ಹೋಗುವುದು, ಅಲ್ಲಿ ಟೆಂಪೋ ಮಾಡಿಕೊಳ್ಳುವುದು, ಅವಲಕ್ಕಿ ಚಟ್ನಿಪುಡಿ ಮನೆಯಿಂದಲೇ ಕಟ್ಟಿಕೊಳ್ಳುವುದು. ಮೊಬೈಲ್ ಇಲ್ಲದ ಕಾಲ. ಊರೂರಿನ ಲಾಡ್ಜುಗಳಿಗೆ ಕಾರ್ಡು ಬರೆದು, ಬೇರೆಯವರು ಕೊಡುವುದರ ಅರ್ಧ ಬಾಡಿಗೆಗೆ ರೂಮು ಗೊತ್ತುಮಾಡಿದಳು. ಗೈಡಿನ ಖರ್ಚು ಬೇಡವೆಂದು ಲೈಬ್ರರಿಯ ಪುಸ್ತಕ ಓದಿ ಗುಡಿಗಳ ಕತೆಯನ್ನು ತಾನೇ ಕಲಿತಳು.

“ಅಷ್ಟು ಕಮ್ಮಿಗೆ ರೂಮು ಕೊಡ್ತಾನೆ ಅಂದ್ರೆ ಏನೋ ಇದೆ ಕಣಮ್ಮ,” ಎಂದಳು ಸರ್ವಮಂಗಳಮ್ಮ.

“ದೊಡ್ಡ ರಸ್ತೆಯಿಂದ ಒಳಗಿದೆ ಅತ್ತೆ, ಅದಕ್ಕೇ ಕಮ್ಮಿ.”

“ಒಳಗೆ ಯಾಕಿದೆ?”

ಎದುರು ಮನೆಯ ಪಂಕಜಮ್ಮ ಬಂದು ಇನ್ನೊಂದು ಕಡ್ಡಿ ಆಡಿಸಿದಳು. ಲಾಡ್ಜಿನವರಿಂದ ಹುಡುಗಿಗೆ ಏನಾದರೂ ಸಿಗುತ್ತಿರಬಹುದು, ಇಲ್ಲದಿದ್ದರೆ ಊರವರ ಪ್ರವಾಸಕ್ಕೆ ಇಷ್ಟೊಂದು ಓಡಾಡುವವರುಂಟೆ ಎಂದಳು. ಆ ಮಾತು ಶಶಿರೇಖಾಳ ಕಿವಿಗೂ ಬಿತ್ತು. ಅವಳು ಅಂದು ನಗಲಿಲ್ಲ. “ಹೋಗಿ ಬರೋಣ ಅತ್ತೆ, ಒಂದು ವಸ್ತು ಹೆಚ್ಚುಕಮ್ಮಿ ಆದ್ರೂ ಇನ್ನು ಯಾವತ್ತೂ ಬಾಯಿ ಬಿಡಲ್ಲ,” ಎಂದಳಷ್ಟೆ. ಮದುವೆಯಾಗಿ ಬಂದ ಮೇಲೆ ಆ ಮನೆಯಲ್ಲಿ ಅವಳನ್ನು ನಂಬಿ ಯಾರೂ ಒಂದು ಕೆಲಸ ಒಪ್ಪಿಸಿದ್ದಿಲ್ಲ. ಈ ಪ್ರವಾಸವೊಂದನ್ನು ಹೆಸರು ಕೆಡದಂತೆ ಮುಗಿಸಿ ಅತ್ತೆಯ ನಂಬಿಕೆ ಗಳಿಸಬೇಕು ಎಂಬುದೇ ಅವಳ ಹಂಬಲ.

ಸರ್ವಮಂಗಳಮ್ಮ ಮೊದಲು ಚೀಲಕ್ಕೆ ಹಾಕಿದ್ದು ನನ್ನನ್ನು.

ಬಾದಾಮಿಯ ಲಾಡ್ಜು ಚೊಕ್ಕಟವಾಗಿಯೇ ಇತ್ತು. ಅದೇ ನಮ್ಮಿಬ್ಬರಿಗೂ ಹಿಡಿಸಲಿಲ್ಲ. ನೋಡಿಕೊಳ್ಳುವವನು ಯಮನಪ್ಪ, ದಪ್ಪ ಮೀಸೆಯ ನಡುವಯಸ್ಸಿನವನು. ರೂಮಿಗೆ ಬೀಗ ಕೊಡಲು ಬಂದಾಗ ಸರ್ವಮಂಗಳಮ್ಮ ಬೇಡವೆಂದು ಕೈಯಾಡಿಸಿದಳು.

“ನಿಮ್ಮ ಬೀಗ ನಿಮ್ಮ ಹತ್ರಾನೇ ಇರಲಿ. ಅದರ ಇನ್ನೊಂದು ಕೀ ನಿಮ್ಮ ಹತ್ರ ಇರುತ್ತಲ್ಲ.”

“ಇರ್ತೈತ್ರಿ ಯವ್ವಾ, ಕಸ ಹೊಡಿಯಾಕ ಬೇಕಲ್ರಿ,” ಎಂದ ಯಮನಪ್ಪ. ಕೇಳಿಸಿಕೊಂಡಿರಾ? ತಾನಾಗಿಯೇ ಒಪ್ಪಿಕೊಂಡ! ಸರ್ವಮಂಗಳಮ್ಮ ಸೊಸೆಯ ಕಡೆ ಒಂದು ನೋಟ ಬಿಟ್ಟಳು. ನಾನು ಹೆಮ್ಮೆಯಿಂದ ಚಿಲಕಕ್ಕೆ ಏರಿದೆ.

ಮರುದಿನ ಬೆಳಿಗ್ಗೆ ಪಟ್ಟದಕಲ್ಲಿಗೆ ಹೊರಡಬೇಕು. ಕೆಳಗೆ ಎರಡು ಟೆಂಪೋ ಬಂದು ಹಾರ್ನ್ ಮಾಡುತ್ತಿದ್ದವು. ಸರ್ವಮಂಗಳಮ್ಮ ಪಕ್ಕದ ರೂಮಿನಲ್ಲಿ ಪಂಕಜಮ್ಮನ ಜೊತೆ ಹರಟುತ್ತಿದ್ದಳು. ಅಷ್ಟರಲ್ಲಿ ಶಶಿರೇಖಾಳಿಗೆ ಹಿಂದಿನ ಬಾಲ್ಕನಿಯಲ್ಲಿ ಒಣಹಾಕಿದ ಅತ್ತೆಯ ಸೀರೆಯ ನೆನಪಾಯಿತು. ಬಾದಾಮಿಯ ಕೋತಿಗಳ ಬಗ್ಗೆ ನೀವು ಕೇಳಿರಬೇಕು. ಅವಳು ಬಾಲ್ಕನಿಗೆ ಹೋದಾಗ ಒಂದು ದೊಡ್ಡ ಗಡವ ಆಗಲೇ ಸೀರೆಯ ಸೆರಗು ಹಿಡಿದು ಕೂತಿತ್ತು. ಅದು ರೂಮಿಗೆ ನುಗ್ಗದಿರಲೆಂದು ಹಿಂಬಾಗಿಲನ್ನು ಎಳೆದುಕೊಂಡು, ಹಚ್ಚಾ ಹಚ್ಚಾ ಎನ್ನುತ್ತ ನಿಂತಳು.

ಸರ್ವಮಂಗಳಮ್ಮ ಬಂದು ರೂಮಿಗೆ ಇಣುಕಿದಳು. ಯಾರೂ ಇಲ್ಲ. ಮುಖ ಗಂಟಾಯಿತು. “ಒಂದು ಮಾತು ಹೇಳದೆ ಇಳಿದುಹೋದಳು ನೋಡಿ, ಗಂಡನ ಪಕ್ಕ ಜಾಗ ಹಿಡಿಯೋಕೆ.” ನನ್ನನ್ನು ಒತ್ತಿದಳು. ಮೂರು ಸಲ ಜಗ್ಗಿದಳು. ಎರಡು ಹೆಜ್ಜೆ ಹೋಗಿ ಹಿಂದಿರುಗಿ ನೋಡಿದಳು. ಎಲ್ಲ ಕ್ರಮವಾಗಿಯೇ ನಡೆಯಿತು.

ಮುಂದಿನ ಟೆಂಪೋದಲ್ಲಿ ಗಂಡಸರು, ಅದರಲ್ಲಿ ಪ್ರಸಾದ. ಹೆಂಡತಿ ಅಮ್ಮನ ಜೊತೆ ಬರುತ್ತಾಳೆ ಎಂದು ಅವನ ಎಣಿಕೆ. ಹಿಂದಿನದರಲ್ಲಿ ಸರ್ವಮಂಗಳಮ್ಮ. ಸೊಸೆ ಗಂಡನ ಜೊತೆ ಹೋಗಿದ್ದಾಳೆ ಎಂದು ಈಕೆಯ ಸಿಟ್ಟು. ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಆದರೆ ಕೇಳಿದರೆ ತಾನೇ ಸೋತಂತಲ್ಲವೇ? ಟೆಂಪೋಗಳು ಹೊರಟವು.

ಒಳಗಿನಿಂದ ಬಾಗಿಲು ಬಡಿದ ಸದ್ದಿಗೆ ನಾನು ಬೆಚ್ಚಿದೆ. “ಅತ್ತೇ! ಅತ್ತೇ!” ಕಳ್ಳರು ಹೊರಗಿನಿಂದ ಬರುತ್ತಾರೆಂದೇ ನಾನು ಕಲಿತದ್ದು. ಒಳಗಿನಿಂದ ಬಡಿಯುವವರಿಗೆ ಏನು ಮಾಡಬೇಕೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಪೊರಕೆ ಹಿಡಿದು ಬಂದ ಯಮನಪ್ಪ ಓಡಿಹೋಗಿ ಕಬ್ಬಿಣದ ಹಾರೆ ತಂದ. “ಅಂಜಬ್ಯಾಡ ತಂಗಿ, ಒಂದ ಏಟಿಗೆ ಒಡದ ಬಿಡ್ತೀನಿ.” ನನ್ನ ಜೀವ ಆರೂ ಲಿವರುಗಳಲ್ಲಿ ನಡುಗಿತು.

“ಬೇಡ ಅಣ್ಣಾ, ಒಡೀಬೇಡಿ,” ಎಂದಳು ಶಶಿರೇಖಾ ಕಿಟಕಿಯಿಂದ.

“ಯಾಕ? ಅವ್ರು ಬರೋದು ಸಂಜೀಕ ಆಗಬಹುದು.”

“ಬೀಗ ಒಡೆದಿದ್ದು ನೋಡಿದ್ರೆ ಅತ್ತೆ ಮೊದಲು ಹುಡುಕೋದು ಚೀಲಗಳನ್ನ. ಏನಾದ್ರೂ ಕಾಣದಿದ್ರೆ ಮಾತು ನಿಮ್ಮ ಮೇಲೆ ಬರುತ್ತೆ. ನಂಗೇನೋ ಅಭ್ಯಾಸ ಆಗಿದೆ. ನಿಮಗ್ಯಾಕೆ?”

ಯಮನಪ್ಪ ಹಾರೆ ಕೆಳಗಿಟ್ಟ. ಕಿಟಕಿಯ ಸರಳಿನ ನಡುವೆ ಒಂದು ಲೋಟ ಚಹಾ ದಾಟಿಸಿ, ಮೆಟ್ಟಿಲ ಮೇಲೆ ಕಾವಲು ಕೂತ. ಒಳಗೆ ಅವಳು ಅಳುತ್ತಿದ್ದಳು. ಪಟ್ಟದಕಲ್ಲಿನ ಕತೆಯನ್ನು ಎಲ್ಲರಿಗೂ ಹೇಳಬೇಕೆಂದು ತಿಂಗಳಾನುಗಟ್ಟಲೆ ಓದಿದವಳು. ಅವಳ ಅಳುವಿಗೂ ಹೊರಗಿನ ಗಾಳಿಗೂ ನಡುವೆ ಇದ್ದವನು ನಾನೊಬ್ಬನೇ. ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು.

ಅತ್ತ ಪಟ್ಟದಕಲ್ಲಿನಲ್ಲಿ ನಡೆದದ್ದನ್ನು ನನ್ನ ಕೀಲಿಕೈ ತಮ್ಮ ಆಮೇಲೆ ಹೇಳಿದ. ಟೆಂಪೋ ಇಳಿದಾಗ ಶಶಿರೇಖಾ ಎರಡರಲ್ಲೂ ಇಲ್ಲ. ಪ್ರಸಾದ ಗಾಬರಿಯಾದ. ಪಂಕಜಮ್ಮ “ಈ ಕಡೆ ಯಾರಾದ್ರೂ ಗೊತ್ತಿದ್ದವರು ಇದ್ದಾರೋ ಏನೋ” ಎಂದಳು. ಸರ್ವಮಂಗಳಮ್ಮನ ಬಾಯಿ ಬಿಚ್ಚಿತು. “ನಂಗೆ ಆವತ್ತೇ ಗೊತ್ತಿತ್ತು ಬುಡಿ. ಇಲ್ಲಿಗೇ ಬರಬೇಕು ಅಂತ ಯಾಕೆ ಹಟ ಹಿಡಿದಳು? ಯಾರನ್ನ ನೋಡೋಕೆ ಹೋಗಿದ್ದಾಳೋ!” ಬೀದಿಯವರೆಲ್ಲರ ಮುಂದೆ, ಗುಡಿಯ ಎದುರು ನಿಂತು, ಅಷ್ಟನ್ನೂ ಅಂದಳು. ಹಾಗೆ ಅನ್ನುತ್ತ ಅಭ್ಯಾಸಬಲದಿಂದ ಕೈ ಸೊಂಟಕ್ಕೆ ಹೋಯಿತು. ಕೀಲಿಕೈ ಸಿಕ್ಕಿತು. ಮಾತು ಅರ್ಧಕ್ಕೇ ನಿಂತಿತು. “ಬೀಗ ಹಾಕಿದ್ದು ನಾನೇ,” ಎನ್ನುತ್ತ ಟೆಂಪೋದ ಕಡೆ ಓಡಿದಳು ಎಂದು ತಮ್ಮ ಹೇಳಿದ.

ಮಧ್ಯಾಹ್ನಕ್ಕೆ ಮುಂಚೆಯೇ ಎಲ್ಲರೂ ವಾಪಸು ಬಂದರು. ಸರ್ವಮಂಗಳಮ್ಮ ಮೆಟ್ಟಿಲನ್ನು ಓಡಿ ಹತ್ತಿ ಬಂದು ಕೀಲಿಕೈಯನ್ನು ನನ್ನ ತೂತಿಗೆ ತುರುಕಿದಳು. ಕೊನೆಗೂ ನಾನು ಬಿಚ್ಚಿಕೊಂಡೆ. ಶಶಿರೇಖಾ ಮಡಿಸಿದ ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡು ಮಂಚದಲ್ಲಿ ಕೂತಿದ್ದಳು. ಬಾಗಿಲು ತೆರೆದ ಸರ್ವಮಂಗಳಮ್ಮನ ಕಣ್ಣು, ಹಾಳಾದ ಅಭ್ಯಾಸ ನೋಡಿ, ಮೊದಲು ಮೂಲೆಯ ಚೀಲಗಳ ಕಡೆ ಹೋಯಿತು. ಅದನ್ನು ನಾನು ಕಂಡೆ. ಸೊಸೆಯೂ ಕಂಡಳು.

“ಎಲ್ಲಾ ಇದೆ ಅತ್ತೆ. ನೋಡ್ಕೊಳ್ಳಿ.”

ಸರ್ವಮಂಗಳಮ್ಮ ಹೊಸ್ತಿಲಲ್ಲೇ ಕೂತಳು. ಹಿಂದೆ ನಿಂತ ಯಮನಪ್ಪ ಸುಮ್ಮನಿರಲಾರದೆ, “ನಾ ಅವಾಗ್ಲೇ ಒಡೀತಿದ್ನ್ರಿ ಯವ್ವಾ. ನನ್ ಮ್ಯಾಲ ಮಾತು ಬರ್ತೈತಿ ಅಂತ ಈ ತಂಗೀನೇ ಬ್ಯಾಡ ಅಂದ್ಳು,” ಎಂದುಬಿಟ್ಟ.

“ಎಲ್ಲರ ಮುಂದೆ ನಿನ್ನ ಬಗ್ಗೆ ಬಾಯಿಗೆ ಬಂದಂಗೆ ಆಡಿಬಿಟ್ಟೆ ಕಣಮ್ಮ,” ಎಂದು ಸರ್ವಮಂಗಳಮ್ಮ ಅದೇ ಎಲ್ಲರ ಮುಂದೆ ಬಿಕ್ಕಿ ಬಿಕ್ಕಿ ಅತ್ತಳು. “ತಪ್ಪು ನಂದು. ನಿಂದಲ್ಲ.” ಪಂಕಜಮ್ಮ ಗೋಡೆ ನೋಡುತ್ತ ನಿಂತಳು.

ಊಟವಾದ ಮೇಲೆ ಮತ್ತೆ ಪಟ್ಟದಕಲ್ಲಿಗೆ ಹೊರಟರು. ಸರ್ವಮಂಗಳಮ್ಮ ನನ್ನನ್ನು ಚಿಲಕಕ್ಕೆ ಸಿಕ್ಕಿಸಿದಳು. ಸೊಸೆ ಪಕ್ಕದಲ್ಲೇ ಇದ್ದಾಳೆ, ಆದರೂ ಒಳಗೆ ಹೋಗಿ ಬಚ್ಚಲು ನೋಡಿದಳು, ಬಾಲ್ಕನಿ ನೋಡಿದಳು, ಬಗ್ಗಿ ಮಂಚದ ಕೆಳಗೂ ನೋಡಿದಳು. ಮತ್ತೆ ಬಂದು ನನ್ನ ಮೇಲೆ ಕೈಯಿಟ್ಟಳು. ಒತ್ತಲಾಗಲಿಲ್ಲ. “ಹಾಗೇ ಇರಲಿ, ನಡಿ,” ಎಂದು ಸೊಸೆಯ ಕೈ ಹಿಡಿದು ಮೆಟ್ಟಿಲಿಳಿದಳು. ಹಿಂದಿರುಗಿ ನೋಡಲಿಲ್ಲ.

ಸಂಜೆಯವರೆಗೂ ನಾನು ಬಾಯಿ ತೆರೆದುಕೊಂಡು ನೇತಾಡಿದೆ. ಬಂದವರನ್ನು, ಹೋದವರನ್ನು, ಬಕೆಟ್ ಒಯ್ಯುವವರನ್ನು, ಎಲ್ಲರನ್ನೂ ದುರುಗುಟ್ಟಿ ನೋಡಿದೆ. ಯಾರೂ ಏನನ್ನೂ ಮುಟ್ಟಲಿಲ್ಲ. ನನ್ನನ್ನು ಕೂಡ. ನನಗೆ ಕೊಂಚ ಅವಮಾನವಾಯಿತು ಎಂದೇ ಇಟ್ಟುಕೊಳ್ಳಿ. ತಮ್ಮ ಮರಳಿ ಬಂದು, ಗುಡಿಯ ಕಂಬದ ಬಳಿ ಶಶಿರೇಖಾ ಕತೆ ಹೇಳಿದಳು, ಅತ್ತೆ ಎಲ್ಲರಿಗಿಂತ ಮುಂದೆ ಕೂತು ಕೇಳಿದಳು ಎಂದ. ವಿಜಯಪುರದ ಲಾಡ್ಜಿನಲ್ಲಿ ಸರ್ವಮಂಗಳಮ್ಮ ಕೀಲಿಕೈಯನ್ನು ಸೊಂಟದಿಂದ ತೆಗೆದು ಸೊಸೆಗೆ ಕೊಟ್ಟಳು. “ನೀನೇ ಹಾಕಮ್ಮ. ನನ್ನ ಕೈ ಮೇಲೆ ನಂಗೆ ನಂಬಿಕೆ ಇಲ್ಲ.” ಮತ್ತೆಂದೂ ಅದನ್ನು ವಾಪಸು ಕೇಳಲಿಲ್ಲ.

ಈಗ ಸರ್ವಮಂಗಳಮ್ಮ ಇಲ್ಲ. ಲಾಡ್ಜುಗಳ ಬಾಗಿಲಿಗೆ ನನ್ನಂಥವರು ಬೇಕಿಲ್ಲ. ನನ್ನ ಲಿವರುಗಳು ತುಕ್ಕು ಹಿಡಿದು ಒಂದೊಂದಾಗಿ ಕೈಕೊಟ್ಟಿವೆ. ಶಶಿರೇಖಾಳ ತಲೆಯೂ ನೆರೆತಿದೆ. ಅವಳು ನನ್ನನ್ನು ಎಸೆಯದೆ ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದ್ದಾಳೆ, ಕೊಂಡಿ ತೆರೆದಂತೆಯೇ. ಬೀದಿಯವರು ಪ್ರವಾಸಕ್ಕೆ, ಮದುವೆಗೆ, ಆಸ್ಪತ್ರೆಗೆ ಹೊರಟರೆ ಮನೆಯ ಕೀಲಿಕೈಯನ್ನು ಅವಳಲ್ಲಿಗೆ ತಂದುಕೊಡುತ್ತಾರೆ. ಅವೆಲ್ಲ ನನ್ನ ಕೊಂಡಿಯಲ್ಲಿ ತೂಗುತ್ತವೆ. ಜಗತ್ತಿನ ಮೇಲೆ ನನ್ನ ಅನುಮಾನ ಪೂರ್ತಿ ಹೋಗಿಲ್ಲ. ಗಾಳಿಗೆ ಕೀಲಿಕೈಗಳು ಅಲುಗಿದರೆ ಈಗಲೂ ಬೆಚ್ಚುತ್ತೇನೆ.

ಮೊನ್ನೆ ಪಂಕಜಮ್ಮ ಕೋಲೂರಿಕೊಂಡು ಬಂದಳು. ಮೊಮ್ಮಗಳ ಜೊತೆ ಬಾದಾಮಿಗೆ ಹೊರಟಿದ್ದಾಳಂತೆ. ಯಾವ ಲಾಡ್ಜು ಒಳ್ಳೆಯದು ಎಂದು ಶಶಿರೇಖಾಳನ್ನು ಕೇಳಿ ತಿಳಿದುಕೊಂಡಳು. ಶಶಿರೇಖಾ ಕಾಫಿ ತರಲು ಒಳಗೆ ಹೋದಾಗ, ತನ್ನ ಮನೆಯ ಕೀಲಿಕೈಯನ್ನು ತಾನೇ ನನ್ನ ಕೊಂಡಿಗೆ ಸಿಕ್ಕಿಸಿದಳು. ಒಮ್ಮೆಯೂ ಜಗ್ಗಿ ನೋಡಲಿಲ್ಲ.