ಬಾಗಿಲು ಹಾಕಿದ ಹಬ್ಬ

ಚಾಕುವಿನಿಂದ ಎಷ್ಟು ಕೆರೆದರೂ ಅಮ್ಮನ ಹಲ್ಲು ಮಾತ್ರ ಕಿತ್ತು ಬರಲಿಲ್ಲ. ಹಣೆ ಬಂತು, ಗಲ್ಲ ಬಂತು, ಬಿಳಿ ಕೂದಲು ಸುರುಳಿ ಸುತ್ತಿಕೊಂಡು ನೆಲಕ್ಕೆ ಬಿತ್ತು. ಹಲ್ಲು ವ್ಯಾನಿನ ಹಿಂಬಾಗಿಲಿಗೆ ಅಂಟಿಕೊಂಡು ನಗುತ್ತಲೇ ಇತ್ತು. ಅಸಲಿಗೆ ಅಮ್ಮನಿಗೆ ಮುಂದಿನ ಹಲ್ಲು ಬಿದ್ದು ವರ್ಷಗಳೇ ಆಗಿದ್ದವು. ಈ ಜಾಹೀರಾತಿನ ಚಿತ್ರ ಮಾಡಿದ ಪುಣ್ಯಾತ್ಮ ಕಂಪ್ಯೂಟರಿನಲ್ಲಿ ಹೊಸ ಸಾಲು ಕೂರಿಸಿಕೊಟ್ಟಿದ್ದ.

“ಬಿಡೇ ಅಕ್ಕ, ಪೇಂಟ್ ಹೋಗುತ್ತೆ,” ಎಂದ ತಮ್ಮ, ಫೋನಿನಿಂದ ತಲೆಯೆತ್ತದೆ.

“ಹೋಗ್ಲಿ. ಅಮ್ಮನ್ನ ಅವಳದೇ ಜಾಹೀರಾತಿನ ಗಾಡೀಲಿ ಹಾಕಿ ಸ್ಮಶಾನಕ್ಕೆ ಕಳಿಸ್ತೀಯಲ್ಲ, ಸ್ವಲ್ಪನಾದ್ರೂ ನಾಚಿಕೆ ಬೇಡ್ವೇನೋ?”

“ನಾಳೆ ಹಬ್ಬ ಅಂತ ಶವದ ಗಾಡಿಯೋರೆಲ್ಲ ರಜೆ ಹಾಕಿದಾರೆ. ನಾನೇನ್ ಹೆಗಲ ಮೇಲೆ ಹೊತ್ಕೊಂಡು ಹೋಗ್ಲಾ?”

ವ್ಯಾನಿನ ಎರಡೂ ಪಕ್ಕದಲ್ಲಿ ದಪ್ಪಕ್ಷರದಲ್ಲಿ ‘ಅಜ್ಜಿ ಮನೆ ಹಬ್ಬದ ಪೆಟ್ಟಿಗೆ’ ಎಂದಿತ್ತು. ಕೆಳಗೆ, ‘ಈ ಮನೆಯ ಬಾಗಿಲು ಸದಾ ತೆರೆದಿರುತ್ತದೆ’. ತಮ್ಮನ ಅಂಗಡಿಯಲ್ಲಿ ಹಬ್ಬಕ್ಕೆ ಮೂರು ತಿಂಗಳು ಮೊದಲೇ ಆ ಪೆಟ್ಟಿಗೆಗಳು ಗೋಪುರದಂತೆ ಏಳುತ್ತಿದ್ದವು. ಒಳಗೆ ಮೇಣದ ಬತ್ತಿ, ಟವೆಲ್ಲು, ಅಜ್ಜಿ ಕೈಯಾರೆ ಮಾಡಿದ್ದು ಎಂದು ಯಂತ್ರದಲ್ಲಿ ಮಾಡಿದ ಸಿಹಿ. ಅಮ್ಮನ ಮುಖ ಊರಿನ ಬಸ್‌ ನಿಲ್ದಾಣಗಳಲ್ಲೆಲ್ಲ ಇತ್ತು. ಡಿಪೋದಲ್ಲಿ ಪಾಸು ಕೊಡುವ ಕೆಲಸದ ಅಕ್ಕ ದಿನಾ ಬೆಳಿಗ್ಗೆ ಅದರ ಕೆಳಗೇ ಬಸ್ಸಿಗೆ ಕಾಯಬೇಕಿತ್ತು. ಹಲ್ಲು ಕಚ್ಚಿಕೊಂಡು ಸಹಿಸಿದ್ದಳು. ಇವತ್ತು ಸಾಧ್ಯವಿರಲಿಲ್ಲ.

“ನೋಡು, ನಂಗಿನ್ನೇನೂ ಬೇಡ,” ಎಂದಳು. “ಗಾಡಿ ಹೊರಡೋ ಮುಂಚೆ ಅರ್ಧ ಗಂಟೆ ಬಾಗಿಲು ಹಾಕ್ಬೇಕು. ನೀನು, ನಾನು, ಅಮ್ಮ. ಅಷ್ಟೇ.”

“ಹೇಗಾಗುತ್ತೆ? ಹೊರಡೋವರೆಗೂ ದರ್ಶನಕ್ಕೆ ಬರಬಹುದು ಅಂತ ಎಲ್ಲರಿಗೂ ಮೆಸೇಜ್ ಹಾಕ್ಬಿಟ್ಟಿದೀನಿ.”

“ಎಲ್ಲರಿಗೂ ಅಂದ್ರೆ?”

“ಗಿರಾಕಿಗಳಿಗೆ.”

ಅಕ್ಕನ ಮೈಯೆಲ್ಲ ಉರಿದುಹೋಯಿತು. ಕೈಯಲ್ಲಿ ಚಾಕು ಇದ್ದದ್ದರಿಂದ ಮಾತು ಬೆಳೆಸದೆ ಒಳಗೆ ನಡೆದಳು.

*

ಅಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಕೆಲಸಕ್ಕಿದ್ದಳು. ಹಬ್ಬವೆಂದು ರೋಗಿಗಳೇನು ಹೊದಿಕೆ ಕೊಳೆ ಮಾಡದೆ ಇರುತ್ತಾರೆಯೇ? ಹಬ್ಬದ ಪಾಳಿಗೆ ಯಾರು ಬರುತ್ತೀರಿ ಎಂದು ಮೇಸ್ತ್ರಿ ಕೇಳಿದರೆ ಎಲ್ಲರೂ ಚಾವಣಿ ನೋಡುವರು, ಅಮ್ಮ ಕೈಯೆತ್ತುವಳು. ಎಂಥಾ ತ್ಯಾಗ ಎಂದು ಯಾರಾದರೂ ಹೊಗಳಿದರೆ ರೇಗುತ್ತಿದ್ದಳು.

“ತ್ಯಾಗವೂ ಇಲ್ಲ, ಗೀಗವೂ ಇಲ್ಲ. ಮನೇಲಿದ್ರೆ ನೆಂಟರ ಎಂಜಲು ತಟ್ಟೆ ನಾನೇ ತೊಳೀಬೇಕು. ಇಲ್ಲಾದ್ರೆ ಮೆಷಿನ್ ತೊಳೆಯುತ್ತೆ.”

ಆ ಪಾಳಿಗೆ ಬದಲಾಗಿ ಅವಳಿಗೆ ಇನ್ನೊಂದು ದಿನ ರಜೆ ಸಿಗುತ್ತಿತ್ತು. ಅದು ಮಂಗಳವಾರವೋ ಬುಧವಾರವೋ, ಜಗತ್ತಿನಲ್ಲಿ ಯಾರಿಗೂ ಬೇಡವಾದ ಯಾವುದೋ ದಿನ. ಇವರ ಮನೆಯಲ್ಲಿ ಹಬ್ಬ ಅವತ್ತು. ಮಕ್ಕಳಿಬ್ಬರನ್ನೂ ಶಾಲೆಗೆ ಕಳಿಸುತ್ತಿರಲಿಲ್ಲ. ಬೆಳಿಗ್ಗೆ ಎದ್ದವಳೇ ಅಮ್ಮ ಬಾಗಿಲಿನ ಅಗುಳಿ ಹಾಕಿ, ಆಸ್ಪತ್ರೆಯವರು ಬೇಡವೆಂದು ಬಿಟ್ಟ ಹರಕು ಹೊದಿಕೆಗಳನ್ನು ಕಿಟಕಿಗೆ ಇಳಿಬಿಟ್ಟು, ಮತ್ತೆ ಬಂದು ಮಲಗುವಳು. ಸ್ನಾನವಿಲ್ಲ, ಗುಡಿಸುವುದಿಲ್ಲ, ಒಲೆ ಹಚ್ಚುವುದಿಲ್ಲ. ಒಂದು ರಜಾಯಿ, ಮೂರು ತಲೆ. ತಮ್ಮ ಹುಟ್ಟುವ ಮೊದಲೇ ಅಪ್ಪ ತೀರಿಹೋಗಿದ್ದ, ಹಾಗಾಗಿ ರಜಾಯಿ ಸಾಲುತ್ತಿತ್ತು. ನಿನ್ನೆಯ ಅನ್ನವನ್ನು ಹಾಸಿಗೆಯಲ್ಲೇ ತಿನ್ನುತ್ತಾ ಅಮ್ಮ ಆಸ್ಪತ್ರೆಯ ಕತೆ ಬಿಚ್ಚುವಳು. ಯಾವ ಡಾಕ್ಟರ ಕೋಟಿನ ಜೇಬಿನಿಂದ ಬೇಯಿಸಿದ ಮೊಟ್ಟೆ ಬಂತು, ಯಾರ ಕಟ್ಟಿಸಿಕೊಂಡ ಹಲ್ಲು ಮೆಷಿನ್ನಿನೊಳಗೆ ಗಿರಗಿರ ತಿರುಗಿತು ಎಂದೆಲ್ಲ. ಹೊರಗೆ ಯಾರು ಬಂದು ಕರೆದರೂ ಬಾಗಿಲು ತೆಗೆಯುವಂತಿಲ್ಲ.

“ಇವತ್ತು ನಾವು ಊರಲ್ಲೇ ಇಲ್ಲ,” ಎನ್ನುತ್ತಿದ್ದಳು.

ಅಕ್ಕನಿಗೆ ಬದುಕಿನಲ್ಲಿ ಅದಕ್ಕಿಂತ ದೊಡ್ಡ ಹಬ್ಬ ಯಾವುದೂ ಸಿಕ್ಕಿರಲಿಲ್ಲ.

*

ಮುಂದಿನ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಮ್ಮ ಮಂಚದ ಮೇಲೆ ಮಲಗಿದ್ದಳು. ಕಾಲ ಬಳಿ ಇಟ್ಟ ಹೂವಿನ ಚಕ್ರದ ರಿಬ್ಬನ್ನಿನಲ್ಲಿ ‘ಹಬ್ಬದ ಹಾರ್ದಿಕ ಶುಭಾಶಯಗಳು’ ಎಂದಿತ್ತು. ಹೂವಿನ ಅಂಗಡಿಯಲ್ಲಿ ಬೇರೆ ರಿಬ್ಬನ್ ಉಳಿದಿರಲಿಲ್ಲವಂತೆ. ಚಿಕ್ಕಮ್ಮ ಕಣ್ಣೊರೆಸಿಕೊಳ್ಳುತ್ತಲೇ ನಾಲ್ಕು ಹೊಸ ಚೀಲಗಳನ್ನು ಕಾಲಿನಿಂದ ಕುರ್ಚಿಯಡಿ ತಳ್ಳಿದಳು.

“ದಾರೀಲೇ ಅಂಗಡಿ ಇತ್ತಮ್ಮ. ಇವತ್ತೇ ರಿಯಾಯಿತಿ ಕೊನೇ ದಿನ.”

“ನಾನೇನೂ ಕೇಳ್ಲಿಲ್ವಲ್ಲ ಚಿಕ್ಕಮ್ಮ.”

ಗಿರಾಕಿಗಳು ಬರುತ್ತಲೇ ಇದ್ದರು. ಒಬ್ಬ ಹೆಂಗಸು ಪೆಟ್ಟಿಗೆಯ ಮುಚ್ಚಳವನ್ನು ಎದೆಗವಚಿಕೊಂಡು, “ನಂಗೆ ಅಜ್ಜಿನೇ ಇರ್ಲಿಲ್ಲ. ಇವರನ್ನೇ ಅಜ್ಜಿ ಅಂದ್ಕೊಂಡಿದ್ದೆ,” ಎಂದು ಬಿಕ್ಕಿದಳು. ನಿಜವಾಗಿಯೇ ಅಳುತ್ತಿದ್ದಳು. ಬೈಯೋಣವೆಂದರೆ ಬೈಯುವ ಹಾಗಿಲ್ಲ, ಸಮಾಧಾನ ಮಾಡೋಣವೆಂದರೆ ಮನಸ್ಸಿಲ್ಲ. ಅಕ್ಕ ಒಂದು ಲೋಟ ನೀರು ತಂದುಕೊಟ್ಟಳು.

ಅಷ್ಟರಲ್ಲಿ ವಿಡಿಯೋದವನು ಬಂದ. ಬಂದವನೇ ಕಿಟಕಿಯ ಪರದೆ ಸರಿಸಿದ, ಬಾಗಿಲನ್ನು ಇನ್ನೂ ಅಗಲ ಮಾಡಿಸಿದ. ಒಂದು ಪೆಟ್ಟಿಗೆಯನ್ನು ಅಕ್ಕನ ಕೈಗಿಟ್ಟು, “ಅಜ್ಜಿ ಪಕ್ಕ ಹಿಡ್ಕೊಂಡು ನಿಂತ್ಕೊಳ್ಳಿ ಮೇಡಂ,” ಎಂದ.

ಅಕ್ಕ ತಮ್ಮನನ್ನು ಕೈಹಿಡಿದು ಅಡುಗೆಮನೆಗೆ ಎಳೆದೊಯ್ದಳು.

“ಇದೇನಿದು?”

“ಒಂದೇ ಒಂದು ನಿಮಿಷ ಅಕ್ಕ. ಅಜ್ಜಿಗೆ ಕೊನೆ ನಮಸ್ಕಾರ ಅಂತ.”

“ಯಾವ ಅಜ್ಜಿನೋ? ಹಬ್ಬ ಅಂದ್ರೆ ಅಮ್ಮನಿಗೆ ಆಗ್ತಿರ್ಲಿಲ್ಲ. ಮನೆಗೆ ಯಾರಾದ್ರೂ ಬಂದ್ರೆ ಮುಖ ಗಂಟು ಹಾಕ್ಕೊಳ್ತಿದ್ಲು. ಬದುಕಿದ್ದಾಗಂತೂ ಮಾರ್ಕೊಂಡೆ. ಇವತ್ತೊಂದು ದಿನ ಬಿಡೋಕಾಗಲ್ವಾ?”

“ನಿಂಗೆ ಬಾಗಿಲು ಹಾಕಿದ ಆ ಕತ್ತಲು ಇಷ್ಟ ಇತ್ತು,” ಎಂದ ತಮ್ಮ. “ಹಬ್ಬಕ್ಕೆ ನಿಮ್ಮನೇಲಿ ಏನ್ ಮಾಡಿದ್ರಿ ಅಂತ ಸ್ಕೂಲಲ್ಲಿ ಎಲ್ಲರೂ ಕೇಳೋರು. ಬೀದೀಲಿ ಎಲ್ಲರ ಮನೆ ಮುಂದೆ ದೀಪ, ಅಮ್ಮ ಪಾಳಿಗೆ ಹೋದ್ರೆ ನಮ್ಮನೆಗೆ ಬೀಗ. ನಾನೇನ್ ಹೇಳ್ಬೇಕಿತ್ತು? ಒಂದು ಅಜ್ಜಿ ಕತೆ ಕಟ್ಟಿ ಹೇಳ್ತಿದ್ದೆ. ಆಮೇಲೆ ಅದನ್ನೇ ಮಾರ್ದೆ.”

ಅಕ್ಕನಿಗೆ ಇದು ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಸಿಟ್ಟು ಕಮ್ಮಿಯಾಗಬೇಕಿತ್ತು, ಆಗಲಿಲ್ಲ.

ತಮ್ಮ ಮುಂದಿನ ಕೋಣೆಗೆ ಹೋಗಿ ಕ್ಯಾಮೆರಾದ ಮುಂದೆ ನಿಂತ. ಬಾಯಿಪಾಠ ಮಾಡಿಕೊಂಡಿದ್ದನ್ನು ಶುರು ಮಾಡಿದ. “ಹಬ್ಬದ ದಿನ ನಮ್ಮ ಮನೆ ಬಾಗಿಲು ಮುಚ್ತಾನೇ ಇರ್ಲಿಲ್ಲ. ದಾರೀಲಿ ಹೋಗೋರನ್ನೂ ಅಮ್ಮ ಕರೆದು...”

“ಯಾವ ಬಾಗಿಲಪ್ಪ?”

ಮೂಲೆಯಲ್ಲಿ ಗೋಡೆಗೊರಗಿ ಕೂತಿದ್ದ ಮುದುಕಿಯ ದನಿ ಅದು. ಆಸ್ಪತ್ರೆಯಲ್ಲಿ ಅಮ್ಮ ಒಗೆದದ್ದನ್ನು ಇಸ್ತ್ರಿ ಮಾಡುತ್ತಿದ್ದವಳು. ಇಸ್ತ್ರಿಯಮ್ಮ ಎಂದೇ ಎಲ್ಲರೂ ಕರೆಯುತ್ತಿದ್ದರು.

“ನಾನು ಎಷ್ಟು ಸಲ ಬಂದು ಇದೇ ಬಾಗಿಲು ತಟ್ಟಿ ತಟ್ಟಿ ವಾಪಸ್ ಹೋಗಿದೀನಿ. ಒಳಗೆ ನೀನು ಕೆಮ್ತಾ ಇರ್ತಿದ್ದೆ. ನಿಮ್ಮಮ್ಮ ನಿನ್ನ ಬಾಯಿಗೆ ದಿಂಬು ಒತ್ತಿದ್ದೂ ಕೇಳಿಸ್ತಿತ್ತು. ಮಾರನೇ ದಿನ ಕೇಳಿದ್ರೆ ಏನೇನೂ ಗೊತ್ತಿಲ್ಲದೋಳ ಹಾಗೆ ಹೊದಿಕೆ ಮಡಚ್ತಾ ನಿಂತಿರೋಳು, ಕಳ್ಳಿ.”

ಯಾರೋ ಕಿಸಕ್ಕನೆ ನಕ್ಕರು. ತಮ್ಮನ ಮುಖ ಕಿವಿಯವರೆಗೂ ಕೆಂಪಾಯಿತು. ಮುಂದಿನ ಸಾಲು ನೆನಪಾಗದೆ ಅವನು ಅಮ್ಮನ ಕಡೆ ತಿರುಗಿದ, ಅವಳೇ ಹೇಳಿಕೊಡಲಿ ಎಂಬಂತೆ.

“ಇದು ಕಟ್ ಮಾಡ್ಬೇಕು ಸರ್. ಮತ್ತೆ ಮೊದಲಿಂದ,” ಎಂದ ವಿಡಿಯೋದವನು.

“ಮೊದಲೂ ಇಲ್ಲ, ಕೊನೇನೂ ಇಲ್ಲ,” ಎಂದಳು ಅಕ್ಕ. “ಎಲ್ಲರೂ ಹೊರಗೆ ನಡೀರಿ.”

“ಹೊರಗೆ ಬಿಸಿಲಮ್ಮ,” ಎಂದಳು ಚಿಕ್ಕಮ್ಮ.

“ಹಿತ್ತಲಲ್ಲಿ ನೆರಳಿದೆ. ನಿಮ್ಮ ಚೀಲ ಮರೀಬೇಡಿ.”

ಗೊಣಗಿಕೊಂಡು, ಮೂಗು ಮುರಿದುಕೊಂಡು ಒಬ್ಬೊಬ್ಬರೇ ಹಿತ್ತಲಿಗೆ ನಡೆದರು. ಇಸ್ತ್ರಿಯಮ್ಮ ಗೋಡೆ ಹಿಡಿದು ಎದ್ದಳು. “ನಂಗೇನೂ ಬೇಜಾರಿಲ್ಲ. ಈ ಮನೆಯಿಂದ ವಾಪಸ್ ಹೋಗಿ ಅಭ್ಯಾಸ ಇದೆ,” ಎಂದು ಅಮ್ಮನ ಪಾದ ಸವರಿ ಹೊರಟಳು.

ಅಕ್ಕ ಎರಡೂ ಬಾಗಿಲಿಗೆ ಅಗುಳಿ ಹಾಕಿದಳು. ಕಿಟಕಿಯ ಪರದೆ ಎಳೆದರೆ ಅರ್ಧಕ್ಕೆ ಬಂದು ಸಿಕ್ಕಿಕೊಂಡಿತು. ವಿಡಿಯೋದವನು ಅದರ ಕಂಬಿಯ ಬಳೆಗಳನ್ನೇ ಮುರಿದಿದ್ದ. ಅವನಿಗೊಂದಿಷ್ಟು ಶಾಪ ಹಾಕಿ, ಬಂದು ಮಂಚದ ಮರೆಯಲ್ಲಿ ನೆಲಕ್ಕೆ ಕೂತಳು. ತಮ್ಮ ಕೋಣೆಯ ನಡುವೆ ನಿಂತೇ ಇದ್ದ.

ಮುಂಬಾಗಿಲು ತಟ್ಟಿದ ಸದ್ದಾಯಿತು.

“ಸರ್, ಅಜ್ಜೀನ ನೋಡೋಕೆ ಬಂದಿದೀವಿ. ಬಹಳ ದೂರದಿಂದ.”

ತಮ್ಮ ಬಾಗಿಲ ಕಡೆ ಹೆಜ್ಜೆ ಇಟ್ಟ. ಅಕ್ಕ ಬೇಡವೆನ್ನಲಿಲ್ಲ. ಹೇಳಿ ಹೇಳಿ ಅವಳ ಬಾಯಿ ಸೋತಿತ್ತು. ತೆಗೆಯುವುದಾದರೆ ತೆಗೆಯಲಿ, ಹಾಳಾಗಿ ಹೋಗಲಿ.

ಅವನ ಕೈ ಅಗುಳಿಯವರೆಗೂ ಹೋಯಿತು. ಅಲ್ಲೇ ನಿಂತಿತು.

ಹೊರಗಿನ ಹೆಜ್ಜೆಗಳು ಕಿಟಕಿಯತ್ತ ಸರಿದವು. “ಒಳಗೆ ಯಾರಾದ್ರೂ ಇದಾರಾ ನೋಡ್ರೀ,” ಎಂದಿತು ಒಂದು ದನಿ. ಪರದೆ ಮುಚ್ಚದ ಗಾಜಿನ ಮೇಲೆ ನೆರಳು ಬಿತ್ತು. ಯಾರೋ ಕಣ್ಣಿಗೆ ಎರಡೂ ಕೈ ಮರೆಮಾಡಿಕೊಂಡು ಇಣುಕುತ್ತಿದ್ದರು.

ಊರಿಗೆಲ್ಲ ಗೊತ್ತಿದ್ದ ದೊಡ್ಡ ಅಂಗಡಿಯವನಾದ ತಮ್ಮ, ಗರಿಗರಿ ಬಿಳಿ ಪ್ಯಾಂಟಿನಲ್ಲೇ ತಟಕ್ಕನೆ ನೆಲಕ್ಕೆ ಬಿದ್ದ. ಕಿಟಕಿಯ ಕೆಳಗಿನ ಗೋಡೆಗೆ ಅಂಟಿಕೊಂಡು, ಉಸಿರು ಬಿಗಿಹಿಡಿದು, ಡೊಳ್ಳುಹೊಟ್ಟೆ ನೆಲಕ್ಕೆ ಉಜ್ಜುತ್ತಾ, ಅಮ್ಮನ ಮಂಚದ ಕಡೆಗೆ ಅಂಬೆಗಾಲಿಟ್ಟುಕೊಂಡು ಹೊರಟ.