ಒಂದೇ ಸಾಲಿನ ಪರದೆ

ಯಶ್ಮಿತಾಳಿಗೆ ಬೆಳಕಿನ ಹುಚ್ಚು. ಕಾರಣವಿಲ್ಲದೆ ಹಿಡಿದ ಹುಚ್ಚಲ್ಲ ಅದು. ಕಾರ್ಕಳ ಪೇಟೆಯಲ್ಲಿ ಅವಳ ಅಪ್ಪನದು ಪಾತ್ರೆ ಅಂಗಡಿ, ಅಂಗಡಿಯ ಬೆನ್ನಿಗೇ ಮನೆ. ಎರಡು ಬದಿಯೂ ಬೇರೆಯವರ ಗೋಡೆ. ಮಾಡಿನಲ್ಲಿ ಒಂದು ಗಾಜಿನ ಹಂಚು ಇದ್ದುದರಿಂದ ಮಧ್ಯಾಹ್ನ ಹನ್ನೆರಡರಿಂದ ಎರಡರ ತನಕ ಅಡುಗೆಮನೆಗೆ ಸೂರ್ಯದರ್ಶನ. ಉಳಿದ ಹೊತ್ತೆಲ್ಲ ಟ್ಯೂಬ್‌ಲೈಟು. ಹತ್ತನೇ ಕ್ಲಾಸಿನ ಪರೀಕ್ಷೆಗೆ ಹಾಡುಹಗಲಲ್ಲೇ ಲೈಟು ಹಾಕಿ ಓದಿದ ಹುಡುಗಿ, ತನ್ನದೇ ಮನೆ ಎಂದು ಒಂದಾದರೆ ಸಂಜೆಯ ತನಕ ಸ್ವಿಚ್ಚಿಗೆ ಕೈ ಹಾಕುವುದಿಲ್ಲ ಎಂದು ಆಗಲೇ ತೀರ್ಮಾನಿಸಿಬಿಟ್ಟಿದ್ದಳು.

ಹಾಗಾಗಿ ಮಣಿಪಾಲ ದಾಟಿ ಪರ್ಕಳದಲ್ಲಿ, ಮೂರನೇ ಮಹಡಿಯ ಎರಡು ಕೋಣೆಯ ಫ್ಲ್ಯಾಟ್ ಕೈಗೆ ಬಂದಾಗ ಅವಳು ಮಾಡಿಸಿದ ಮೊದಲ ಕೆಲಸವೆಂದರೆ ಗೋಡೆ ಒಡೆಸಿದ್ದು. ಹಾಲ್‌ಗೂ ಎರಡನೇ ಕೋಣೆಗೂ ನಡುವಿದ್ದ ಗೋಡೆ. "ಅಮ್ಮ ಬಂದರೆ ಎಲ್ಲಿ ಮಲಗುವುದು?" ಎಂದು ಗಂಡ ಹರ್ಷಿತ್ ಒಂದು ಮಾತು ಕೇಳಿದ. ದಿವಾನ್ ಹಾಕಿದರಾಯಿತು ಎಂದಳು. ಅವನೂ ಮಾತು ಎಳೆಯಲಿಲ್ಲ, ಹೊಸ ಮನೆಯ ಉಮೇದಿನಲ್ಲಿರುವ ಹೆಂಡತಿಯ ಹತ್ತಿರ ಯಾವ ಗಂಡ ತಾನೆ ಎಳೆದಾನು. ಗೋಡೆ ಬಿತ್ತು. ಅಡುಗೆಕಟ್ಟೆಯಿಂದ ಬಾಲ್ಕನಿಯವರೆಗೆ ಒಂದೇ ಬಯಲಾಯಿತು. ಒಂದು ಕಡೆಯ ಉದ್ದ ಕಿಟಕಿ ಕಣಿವೆಯನ್ನು ನೋಡುತ್ತಿತ್ತು, ಇನ್ನೊಂದು ಎದುರಿನ ಬಿ ಬ್ಲಾಕನ್ನು.

ಪರದೆ ಆರಿಸಲು ಉಡುಪಿಯಲ್ಲಿ ನಾಲ್ಕು ಅಂಗಡಿ ಹತ್ತಿಳಿದಳು. ಜರಿ ಬೇಡ, ಹೂಬಳ್ಳಿ ಬೇಡ, ಮದುವೆ ಹಾಲ್‌ನ ಹಾಗೆ ಕುಚ್ಚು ಇಳಿಬಿಟ್ಟದ್ದಂತೂ ಬೇಡವೇ ಬೇಡ. ಕಡೆಗೆ ಬಿಳಿಯ ತೆಳು ಹತ್ತಿ ಬಟ್ಟೆಯೊಂದನ್ನು ಅಂಗಡಿಯ ಬಾಗಿಲಿಗೇ ತಂದು, ಬಿಸಿಲಿಗೆ ಹಿಡಿದು ನೋಡಿದಳು. ಬಿಸಿಲು ಅದರೊಳಗಿಂದ ಸೋಸಿಕೊಂಡು ಅವಳ ಮುಖಕ್ಕೆ ಬಿತ್ತು. ಇದೇ ಎಂದಳು.

ಅಳತೆ ತೆಗೆಯಲು ಬಂದವನು ಬಾಲಪ್ಪ. ಬಾಗಲಕೋಟೆ ಕಡೆಯವನು, ಹನ್ನೆರಡು ವರ್ಷಗಳಿಂದ ಈ ಊರಿನ ಕಿಟಕಿಗಳಿಗೆಲ್ಲ ರಾಡು ಕೂರಿಸಿಕೊಂಡಿರುವವನು. ಟೇಪು ಹಿಡಿದು ಕಿಟಕಿ ಅಳೆದ, ಆಮೇಲೆ ಬಿ ಬ್ಲಾಕಿನ ಬಾಲ್ಕನಿಗಳನ್ನೂ ಒಮ್ಮೆ ಕಣ್ಣಲ್ಲೇ ಅಳೆದ.

"ಅಕ್ಕಾರ, ಡಬಲ್ ರಾಡ್ ಹಾಕಸ್ರಿ," ಎಂದ. "ಹಿಂದಿನ ಸಾಲಿಗೆ ಒಂದು ದಪ್ಪ ಅರಿವಿ ಇರ್ಲಿ. ಹಗಲಿಗೆ ಇದು ಬೇಷ್ ಐತಿ. ಆದ್ರ ಒಳಗ ಲೈಟ್ ಹಚ್ಚಿದ್ರಿ ಅಂದ್ರ, ಹೊರಗಿನ ಮಂದಿಗೆ ಎಲ್ಲಾ ಕಾಣ್ತೈತ್ರಿ."

ಯಶ್ಮಿತಾ ಅದನ್ನು ವ್ಯಾಪಾರದ ಮಾತು ಎಂದುಕೊಂಡಳು. ಹಾಲ್‌ನಲ್ಲಿ ಬಟ್ಟೆ ಬದಲಿಸುವವರು ಯಾರು ಎಂದು ನಕ್ಕೂ ನಕ್ಕಳು. ದಪ್ಪ ಪರದೆ ಬೇಕಾದದ್ದು ತಮ್ಮ ಮಲಗುವ ಕೋಣೆಗೆ. ಅಲ್ಲಿಗೆ ಬೂದಿ ಬಣ್ಣದ್ದು ಹಾಕಿಸಿಯಾಗಿತ್ತು. ಬಾಲಪ್ಪ ಅವಳು ಹೇಳಿದಂತೆಯೇ ಬರೆದುಕೊಂಡ. ಒಂದೇ ರಾಡು, ಒಂದೇ ಸಾಲು. ಮರುವಾರ ಬಿಳಿ ಪರದೆ ಏರಿದ ಮೇಲೆ ಮನೆ ನಿಜವಾಗಿಯೂ ಚಂದ ಕಂಡಿತು. ಬಂದವರೆಲ್ಲ ಬಾಗಿಲಲ್ಲೇ ನಿಂತು, ಎಂಥ ಬೆಳಕು ಮಾರಾಯ್ತಿ ಎನ್ನುತ್ತಿದ್ದರು. ಆ ಮಾತು ಕೇಳಲಿಕ್ಕೆಂದೇ ಅವಳು ಜನರನ್ನು ಕರೆಯುತ್ತಿದ್ದಳೋ ಏನೋ.

ಹರ್ಷಿತ್‌ನ ತಾಯಿ ಬೇಬಿ. ಕಾಪುವಿನಿಂದ ಸ್ವಲ್ಪ ಒಳಗೆ, ತಂಗಿ ಸುಗಂಧಿಯ ಜೊತೆ ಇರುವವರು. ಇಬ್ಬರಿಗೂ ಸೇರಿ ಮೂವತ್ತು ಮಲ್ಲಿಗೆ ಗಿಡ. ನಸುಕಿನಲ್ಲೇ ಸ್ನಾನ ಮುಗಿಸಿ ಮೊಗ್ಗು ಕೊಯ್ದು, ಹೂವಿನವನು ಬರುವ ಮೊದಲು ಬಾಳೆನಾರಿನಲ್ಲಿ ಕಟ್ಟಿ ಚೆಂಡು ಮಾಡಿ ಕೊಡಬೇಕು. ಬೇಬಿಯವರು ಕಟ್ಟಿದ ಚೆಂಡನ್ನು ಹೂವಿನವನು ಬಿಚ್ಚಿ ನೋಡುತ್ತಿರಲಿಲ್ಲ. ಅಷ್ಟು ಬಿಗಿ, ಅಷ್ಟು ಸಮ. ಆ ಕಟ್ಟುವಿಕೆಯೆಲ್ಲ ಬಲಗೈಯ ಮಣಿಕಟ್ಟಿನ ಒಂದು ತಿರುವಿನಲ್ಲಿತ್ತು. ಏಪ್ರಿಲ್‌ನಲ್ಲಿ ಅಂಗಳದಲ್ಲಿ ಜಾರಿ ಬಿದ್ದು ಅವರು ಮುರಿದುಕೊಂಡದ್ದು ಅದೇ ಮಣಿಕಟ್ಟನ್ನು.

ಪ್ಲಾಸ್ಟರ್ ಬಿಚ್ಚಿದ ಮೇಲೆ ಕೈ ಮರದ ಕೊರಡಿನಂತಾಗಿತ್ತು. ಮಣಿಪಾಲದ ಫಿಸಿಯೋಥೆರಪಿಯವರು ಸುತ್ತಿ ಬಳಸದೆ ಹೇಳಿದರು: ಇನ್ನು ಆರು ವಾರ ದಿನವೂ ಬರಬೇಕು, ಈ ಆರು ವಾರದಲ್ಲಿ ಬಗ್ಗಿದರೆ ಬಗ್ಗಿತು, ಇಲ್ಲವಾದರೆ ಆಮೇಲೆ ಕಷ್ಟ. ಕಾಪುವಿನಿಂದ ದಿನವೂ ಎರಡು ಬಸ್ಸು ಬದಲಿಸಿ, ಒಂದೇ ಕೈಯಲ್ಲಿ ಕಂಬಿ ಹಿಡಿದು ಬರುವುದು ಆಗದ ಮಾತು. ಇಲ್ಲಿಗೇ ಬನ್ನಿ ಎಂದು ಕರೆದವಳು ಯಶ್ಮಿತಾಳೇ. ಮನಸ್ಸಿಟ್ಟೇ ಕರೆದಿದ್ದಳು, ಅದರಲ್ಲಿ ಸುಳ್ಳಿಲ್ಲ.

ಜೂನ್ ಮೊದಲ ವಾರ ಬೇಬಿ ಒಂದು ಚೀಲ ಹಿಡಿದು ಬಂದರು. ದಿವಾನ್ ಮೇಲೆ ಹೊಸ ಹಾಸಿಗೆ, ತಲೆಯ ಹತ್ತಿರ ಫ್ಯಾನು. ಅವರು ನಾಲ್ಕೂವರೆಗೇ ಏಳುವವರು, ಐದಕ್ಕೆ ಸ್ನಾನ ಮುಗಿಸಿ ಸೀರೆ ಉಡುವವರು. ನೈಟಿಯಲ್ಲಿ ಹಗಲು ಕಳೆದವರಲ್ಲ. ಬಚ್ಚಲುಮನೆ ಇಬ್ಬರು ನಿಲ್ಲದಷ್ಟು ಸಣ್ಣದು, ನೆಲವೆಲ್ಲ ನೀರು. ಮಗ ಸೊಸೆ ಮಲಗುವ ಕೋಣೆಗೆ ಕಾಲಿಡುವ ಕ್ರಮ ಅವರಿಗಿಲ್ಲ, ಬಾಗಿಲು ತೆರೆದಿದ್ದರೂ ಹೊರಗೆ ನಿಂತೇ ಕರೆಯುತ್ತಿದ್ದರು. ಉಳಿದದ್ದು ಹಾಲ್. ಒಂದೇ ಕೈಯಲ್ಲಿ ನೆರಿಗೆ ಹಿಡಿದು ಸೀರೆ ಉಡಲು ಅವರಿಗೆ ಅರ್ಧ ಗಂಟೆ ಹಿಡಿಯುತ್ತಿತ್ತು. ಮಳೆಗಾಲದ ಬೆಳಿಗ್ಗೆ ಆರಾದರೂ ಕತ್ತಲೆ.

ಎರಡನೇ ದಿನ ನೀರು ಕುಡಿಯಲು ಎದ್ದು ಬಂದ ಯಶ್ಮಿತಾ, ಅತ್ತೆ ಕತ್ತಲಲ್ಲಿ ಗೋಡೆಗೆ ಒತ್ತಿಕೊಂಡು ನಿಂತು ಸೀರೆಯೊಂದಿಗೆ ಹೆಣಗುವುದನ್ನು ಕಂಡು ಟಕ್ಕನೆ ಲೈಟು ಹಾಕಿದಳು. ಬೇಬಿ ಸೆರಗನ್ನು ಎದೆಗೆ ಅವುಚಿಕೊಂಡು ಕೂತೇಬಿಟ್ಟರು. "ಆಫ್ ಮಾಡು ಮಗಾ, ಬೇಡ," ಎಂದರು. ಯಶ್ಮಿತಾ ಇದು ಕಾಪುವಿನ ಮಿತವ್ಯಯ ಎಂದು ತಿಳಿದಳು. ನಿಮ್ಮ ಒಂದು ಬಲ್ಬಿನಿಂದ ನಾವೇನು ಮುಳುಗುವುದಿಲ್ಲ ಮಾಮಿ ಎಂದು ತಮಾಷೆ ಮಾಡಿದಳು. ಆ ತಮಾಷೆಯನ್ನು ಆಫೀಸಿನಲ್ಲಿಯೂ ಹೇಳಿ ನಾಲ್ಕು ಜನರನ್ನು ನಗಿಸಿದಳು.

ಐದನೇ ದಿನ ಸಂಜೆ ಆಫೀಸಿನ ಚೈತಾಲಿಯನ್ನು ಕರೆದುಕೊಂಡು ಬಂದರೆ, ಬಿ ಬ್ಲಾಕ್ ಕಡೆಯ ಕಿಟಕಿಗೆ ಹಳೆಯ ಹೂವಿನ ಬೆಡ್‌ಶೀಟೊಂದು ತೂಗುತ್ತಿತ್ತು. ಬಟ್ಟೆ ಒಣಗಿಸುವ ಕ್ಲಿಪ್ಪು ಹಾಕಿ, ಒಂದು ತುದಿ ಮೇಲೆ, ಒಂದು ತುದಿ ಕೆಳಗೆ. ಎಡಗೈಯೊಂದರಿಂದಲೇ ಸ್ಟೂಲ್ ಹತ್ತಿ ಕಟ್ಟಿದ್ದು ಎಂದು ನೋಡಿದರೆ ಯಾರಿಗಾದರೂ ತಿಳಿಯುತ್ತಿತ್ತು. ಯಶ್ಮಿತಾ ಆ ಹೊತ್ತಿಗೆ ನೋಡಿದ್ದು ಬೆಡ್‌ಶೀಟನ್ನು ಮಾತ್ರ, ಮತ್ತು ಚೈತಾಲಿಯ ಮುಖವನ್ನು.

"ಅಯ್ಯೋ ಮಾಮಿ, ಇಸ್ತ್ರಿ ಅಂಗಡಿಯ ಹಾಗೆ ಕಾಣ್ತದೆ," ಎಂದು ನಗುತ್ತಲೇ ಕ್ಲಿಪ್ಪು ಕಿತ್ತು ಬೆಡ್‌ಶೀಟನ್ನು ಮಡಚಿಟ್ಟಳು.

ಬೇಬಿಯೂ ನಕ್ಕರು. ಹೌದು ಮಗಾ, ಬಿಸಿಲಿಗೆ ಕಟ್ಟಿದ್ದು ಎಂದರು. ಮೂರು ದಿನದಿಂದ ಬಿಸಿಲೇ ಬಂದಿರಲಿಲ್ಲ. ಯಶ್ಮಿತಾಳ ತಲೆಗೆ ಅದೂ ಹೋಗಲಿಲ್ಲ.

ಆಮೇಲೆ ಮೂರು ದಿನ ಅವರು ಬೆಳಿಗ್ಗೆ ಬೇಗ ವಾಕಿಂಗ್ ಎಂದು ಹೊರಗೆ ಹೋಗತೊಡಗಿದರು. ಒಂಬತ್ತನೇ ದಿನ ಚೀಲ ಕಟ್ಟಿಕೊಂಡು ನಿಂತರು. ಸುಗಂಧಿ ಒಬ್ಬಳಿಗೇ ಗಿಡ ನೋಡಿಕೊಳ್ಳಲು ಆಗುತ್ತಿಲ್ಲವಂತೆ, ವ್ಯಾಯಾಮ ಮನೆಯಲ್ಲಿಯೇ ಮಾಡಿಕೊಳ್ಳುತ್ತಾರಂತೆ. ಹರ್ಷಿತ್ ಸಿಡುಕಿದ, ಯಶ್ಮಿತಾ ಹೋಗುವುದು ಬೇಡವೆಂದಳು. ಬೇಡವೆಂದದ್ದು ನಿಜ, ಅವರು ಹೋದ ಮೇಲೆ ದಿವಾನ್ ಮೇಲಿನ ಹಾಸಿಗೆ ಸುತ್ತಿಟ್ಟು, ಹಾಲ್ ಮತ್ತೆ ಬಯಲಾದಾಗ ಅವಳಿಗೆ ಹಗುರವಾದದ್ದೂ ನಿಜ. ಆ ಹಗುರವನ್ನು ಅವಳು ಮುಂದೆ ಎಷ್ಟೋ ಸಲ ನೆನೆದು ತನ್ನನ್ನೇ ಬೈದುಕೊಂಡಳು.

ಎರಡು ಸಲ ಬೇಬಿ ಬಸ್ಸಿನಲ್ಲಿ ಬಂದು ಆಸ್ಪತ್ರೆಗೆ ಹೋಗಿ ಹಾಗೆಯೇ ಹಿಂತಿರುಗಿದರು. ಆಮೇಲೆ ಮಳೆ ಜೋರಾಯಿತು, ಬರುವುದು ನಿಂತಿತು. ಆರು ವಾರ ಕಳೆದು ಹೋಯಿತು.

ಸೆಪ್ಟೆಂಬರಿನಲ್ಲಿ ಫ್ಲ್ಯಾಟಿನವರ ಸಭೆ ಬಿ ಬ್ಲಾಕಿನ ಶಾರ್ಲೆಟ್ ಅವರ ಮನೆಯಲ್ಲಿತ್ತು. ಮಸ್ಕತ್‌ನಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು, ಒಬ್ಬರೇ ಇರುವವರು. ಸಂಜೆ ಏಳಕ್ಕೆ ಲಿಫ್ಟಿನ ಜಗಳ ಮುಗಿಸಿ ಎಲ್ಲರೂ ಎದ್ದ ಮೇಲೆ ಯಶ್ಮಿತಾ ಬಾಲ್ಕನಿಗೆ ಬಂದಳು. ಎದುರಿಗೇ ತನ್ನ ಮನೆ. ಲೈಟು ಉರಿಯುತ್ತಿತ್ತು. ಆಗಷ್ಟೇ ಕೆಲಸದಿಂದ ಬಂದ ಹರ್ಷಿತ್ ಹಾಲ್ ನಡುವೆ ನಿಂತು ಅಂಗಿ ಬಿಚ್ಚಿದ, ಬನಿಯನ್ ಎತ್ತಿ ಹೊಟ್ಟೆ ತುರಿಸಿಕೊಂಡ, ಸೊಂಟಕ್ಕೆ ಲುಂಗಿ ಸುತ್ತಿದ. ಅವಳ ಬಿಳಿ ಪರದೆ ಕಿಟಕಿಯ ತುಂಬ ಇಳಿಬಿದ್ದಿತ್ತು. ಇದ್ದೂ ಇಲ್ಲದಂತಿತ್ತು.

ಮೊದಲು ನಗು ಬಂತು. ಆಮೇಲೆ ಕತ್ತಲಲ್ಲಿ ಗೋಡೆಗೆ ಒತ್ತಿ ನಿಂತ ಮನುಷ್ಯರೊಬ್ಬರು ನೆನಪಾದರು. ಕಬ್ಬಿಣದ ಸರಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಶಾರ್ಲೆಟ್ ಪಕ್ಕದಲ್ಲಿ ಬಂದು ನಿಂತಿದ್ದರು. ನಿಮ್ಮ ಅತ್ತೆಯ ಕೈ ಈಗ ಹೇಗುಂಟು ಎಂದು ಕೇಳಿದರು. ಅವರಿಗೆ ಅತ್ತೆಯ ಪರಿಚಯ ಹೇಗೆ ಎಂದು ಯಶ್ಮಿತಾ ಕೇಳಲೇಬೇಕಾಯಿತು.

"ಮೂರು ದಿನ ಬೆಳಿಗ್ಗೆ ನನ್ನ ಮನೆಯ ಲೈಟು ಕಂಡು ಇಲ್ಲಿಗೆ ಬಂದಿದ್ರು," ಎಂದರು ಶಾರ್ಲೆಟ್. "ನೈಟಿಯ ಮೇಲೆ ಟವೆಲ್ ಹೊದ್ದು, ಸೀರೆ ಚೀಲದಲ್ಲಿ ಹಿಡ್ಕೊಂಡು. ಒಂದು ಕೋಣೆ ಕೊಡ್ತೀರಾ, ಸೀರೆ ಉಡ್ಲಿಕ್ಕೆ ಅಂತ ಕೇಳಿದ್ರು. ನೆರಿಗೆ ನಾನೇ ಹಿಡಿದು ಕೊಟ್ಟೆ. ಗುರುತಿಲ್ಲದವರನ್ನು ಕೇಳ್ಬೇಕಾದ್ರೆ ಅವರಿಗೆ ಎಷ್ಟು ನಾಚಿಕೆ ಆಗಿರ್ಬೇಕು ನೋಡಿ. ನಿಮಗೆ ಹೇಳ್ಬಾರ್ದು ಅಂತ ಕೈ ಹಿಡಿದು ಹೇಳಿದ್ರು. ಹುಡುಗಿ ಆಸೆಯಿಂದ ಪರದೆ ಹಾಕಿಸಿದ್ದಾಳೆ ಅಂತ."

ಯಶ್ಮಿತಾ ಹೇಗೆ ಮೆಟ್ಟಿಲಿಳಿದು ಮನೆ ಸೇರಿದಳೋ ಅವಳಿಗೇ ಗೊತ್ತಿಲ್ಲ. ನೇರ ಹೋಗಿ ಲೈಟು ಆರಿಸಿದಳು. ಎಂತಾಯಿತು ಎಂದು ಹರ್ಷಿತ್ ಗಾಬರಿಯಾದ. ದಿವಾನ್ ಮೇಲೆ ಕೂತು ಅತ್ತಳು. ಗೋಡೆ ಒಡೆಸಿದ್ದಕ್ಕಲ್ಲ, ಬಾಲಪ್ಪನ ಮಾತು ಕೇಳದ್ದಕ್ಕೂ ಅಲ್ಲ. ಆ ಬೆಡ್‌ಶೀಟಿಗೆ. ಒಂದು ಕೈಯ ಮನುಷ್ಯರು ಸ್ಟೂಲ್ ಹತ್ತಿ ಕಟ್ಟಿದ್ದನ್ನು ತಾನು ನಗುತ್ತಾ ಕಿತ್ತು ಹಾಕಿದೆನಲ್ಲ, ಅದಕ್ಕೆ.

ಆ ವಾರವೇ ಬಾಲಪ್ಪನನ್ನು ಕರೆಸಿದಳು. ಅವನು ಹಿಂದಿನದ್ದೇನೂ ಎತ್ತದೆ ಡಬಲ್ ರಾಡ್ ಕೂರಿಸಿ, ದಪ್ಪ ಪರದೆ ಪೋಣಿಸಿ ಹೋದ. ಭಾನುವಾರ ಯಶ್ಮಿತಾ ಒಬ್ಬಳೇ ಬೆಳಗಿನ ಮೊದಲ ಬಸ್ಸು ಹತ್ತಿ ಕಾಪುವಿಗೆ ಹೋದಳು.

ಜಗಲಿಯಲ್ಲಿ ಸುಗಂಧಿ ಹೂ ಕಟ್ಟುತ್ತಿದ್ದರು. ಬೇಬಿ ಎದುರು ಕೂತು ಎಡಗೈಯಲ್ಲಿ ಮೊಗ್ಗುಗಳನ್ನು ಜೋಡಿಸಿ ಜೋಡಿಸಿ ಕೊಡುತ್ತಿದ್ದರು. ಬಲಗೈ ಮಡಿಲಲ್ಲಿ ಸುಮ್ಮನೆ ಮಲಗಿತ್ತು. ಅಕ್ಕ ಕಟ್ಟುವಾಗ ಹೂವಿನವನು ನೋಡುತ್ತಲೇ ಇರಲಿಲ್ಲ, ಈಗ ಪ್ರತಿ ಚೆಂಡನ್ನೂ ಎತ್ತಿ ನೋಡುತ್ತಾನೆ ಎಂದು ಸುಗಂಧಿ ದೂರಿದರು. ದೂರು ಹೂವಿನವನ ಮೇಲೆ, ಆದರೂ ಯಶ್ಮಿತಾಳಿಗೆ ಕೂತಲ್ಲಿ ಕೂರಲಾಗಲಿಲ್ಲ.

ಅತ್ತೆ ಬಾವಿಕಟ್ಟೆಯ ಕಡೆ ಹೋದಾಗ ಹಿಂದೆಯೇ ಹೋಗಿ ಎಲ್ಲವನ್ನೂ ಹೇಳಿದಳು. ಶಾರ್ಲೆಟ್ ಹೇಳಿದ್ದು, ತಾನು ಕಂಡದ್ದು, ಹೊಸ ಪರದೆ. ತಪ್ಪಾಯಿತು ಎಂದಳು. ಆಸ್ಪತ್ರೆಯಲ್ಲಿ ಇನ್ನೊಮ್ಮೆ ಕೇಳೋಣ, ಬನ್ನಿ ಎಂದಳು. ಬೇಬಿ ಮಣಿಕಟ್ಟನ್ನು ಅವಳ ಎದುರು ಹಿಡಿದು ಬಗ್ಗಿಸಲು ನೋಡಿದರು. ಬೆರಳುಗಳಷ್ಟೇ ಅಲ್ಲಾಡಿದವು.

"ಒಂದು ಮಾತು ಹೇಳ್ಬಾರದಿತ್ತಾ ಮಾಮಿ? ಮರುದಿನವೇ ಹಾಕಿಸ್ತಿದ್ದೆ."

"ಹಾಕಿಸ್ತಿದ್ದಿ, ನನಗೆ ಗೊತ್ತುಂಟು," ಎಂದರು ಬೇಬಿ. "ಆದ್ರೆ ನಾನು ಬಂದಾಗಲೆಲ್ಲ ನೀನು ಅದನ್ನು ಎಳೀಬೇಕಲ್ಲ ಮಗಾ. ಅತ್ತೆ ಬಂದ್ರೆ ಮನೆ ಕತ್ತಲಾಗ್ತದೆ ಅಂತ ನಿನಗೆ ಅನ್ನಿಸ್ಬಾರದು ಅಂತ."

ಅದರಲ್ಲಿ ಸಿಟ್ಟಿನ ಎಳೆಯೂ ಇರಲಿಲ್ಲ. ಇದ್ದಿದ್ದರೆ ಯಶ್ಮಿತಾಳಿಗೆ ಬದುಕು ಸ್ವಲ್ಪ ಸುಲಭವಾಗುತ್ತಿತ್ತು.

ದೀಪಾವಳಿಗೆ ಬನ್ನಿ ಎಂದು ಕರೆದದ್ದಕ್ಕೆ ಬಂದರು, ಬೆಳಗಿನ ಬಸ್ಸಿಗೆ. ಸುಗಂಧಿ ಉಡಿಸಿ ಕಳುಹಿಸಿದ ಸೀರೆ, ನೆರಿಗೆಗೆ ನಾಲ್ಕು ಪಿನ್ನು. ಊಟವಾಯಿತು, ಮಾತಾಯಿತು, ಹೊಸ ಪರದೆಯ ಬಟ್ಟೆಯನ್ನು ಮುಟ್ಟಿ ಒಳ್ಳೆಯದುಂಟು ಎಂದೂ ಹೇಳಿದರು. ನಾಲ್ಕೂವರೆಗೆ ಯಶ್ಮಿತಾ ಎದ್ದು ಹೋಗಿ ದಪ್ಪ ಪರದೆಯನ್ನು ಈ ತುದಿಯಿಂದ ಆ ತುದಿಗೆ ಎಳೆದಳು. ಹೊರಗೆ ಇನ್ನೂ ಬಿಸಿಲಿತ್ತು. ಇವತ್ತು ಉಳಿದುಕೊಳ್ಳಿ ಮಾಮಿ, ಬೆಳಿಗ್ಗೆ ನಾನೇ ನೆರಿಗೆ ಹಿಡಿಯುತ್ತೇನೆ ಎಂದು ಬೇಡಿಕೊಂಡಳು.

"ಎಂತಕ್ಕೆ ಮುಚ್ಚಿದ್ದು? ಎಷ್ಟು ಚಂದ ಬೆಳಕು ಉಂಟು," ಎಂದು ಬೇಬಿ ಎಡಗೈಯಿಂದ ಪರದೆಯನ್ನು ಬದಿಗೆ ಸರಿಸಿದರು. ಆಮೇಲೆ ಚೀಲವನ್ನು ಹೆಗಲಿಗೆ ಹಾಕಿಕೊಂಡರು. ಐದರ ಬಸ್ಸು ಸಿಕ್ಕಿದರೆ ಲೈಟು ಹಾಕುವ ಹೊತ್ತಿಗೆ ಮನೆ ಸೇರಬಹುದು ಎಂದು ಚಪ್ಪಲಿ ಮೆಟ್ಟಿದರು.